ಗಂಗಾವಳಿ ನುಗ್ಗಿದ ಕೆಳಗಿನ ಕೋಣೆಯನ್ನು ನಾನು ಸರಿ ಮಾಡಿದ್ದು

ನಮ್ಮ ಮನೆ ಅಂಕೋಲಾ ತಾಲೂಕಿನಲ್ಲಿ, ಗಂಗಾವಳಿ ಹೊಳೆ ದಂಡೆಯ ಇಳಿಜಾರಿನಲ್ಲಿದೆ. ರಸ್ತೆಯಿಂದ ನೋಡಿದರೆ ಒಂದೇ ಅಂತಸ್ತು. ತೋಟದ ಕಡೆಯಿಂದ ನೋಡಿದರೆ ಕೆಳಗೆ ಇನ್ನೊಂದು ಕೋಣೆ. 22 ಅಡಿ ಉದ್ದ, 16 ಅಡಿ ಅಗಲ. ಮೂರು ಬದಿ ಮಣ್ಣು, ಒಂದು ಬದಿ ಬಾಗಿಲು. ಬೇಸ್‌ಮೆಂಟ್ ಅಂದರೆ ನಮ್ಮ ಮೇಸ್ತ್ರಿಗಳಿಗೆ ಪಾಯದ ಮೇಲಿನ ಕಟ್ಟೆ. ಅದಕ್ಕೇ ನಾವು ಇದನ್ನು ಕೆಳಗಿನ ಕೋಣೆ ಅಂತಲೇ ಕರೆಯುತ್ತೇವೆ. ತೆಂಗಿನಕಾಯಿ, ಗೊಬ್ಬರದ ಚೀಲ, ಪಂಪು ಎಲ್ಲಾ ಅಲ್ಲೇ.

ನಾನು ಸಣ್ಣಪುಟ್ಟ ಕಟ್ಟಡದ ಗುತ್ತಿಗೆ ಹಿಡಿಯುವವನು. ಚಿರೇಕಲ್ಲಿನ, ಅಂದರೆ ನಮ್ಮ ಕರಾವಳಿಯ ತೂತು ತೂತಾದ ಕೆಂಪು ಕಲ್ಲಿನ, ಕೆಲಸ ಗೊತ್ತಿರುವವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಗಿಲಾಯಿ (ಗೋಡೆಯ ಪ್ಲಾಸ್ಟರ್) ಮಾಡುವುದು ಹೇಗೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

2019ರ ಆಗಸ್ಟ್‌ನಲ್ಲಿ ಮೊದಲ ಸಲ ಐದು ಅಡಿ ನೀರು ಬಂತು. ನಮ್ಮಲ್ಲಿ ಮಳೆ ನಿಂತಿದ್ದರೂ ಘಟ್ಟದ ಮೇಲೆ ಯಲ್ಲಾಪುರದ ಕಡೆ ಹೊಡೆದರೆ ಸಾಕು, ಹೊಳೆ ಏರುತ್ತದೆ. ನೀರು ಬಾಗಿಲಿನಿಂದ ಹಿಂದೆ ಸರಿದ ದಿನವೇ ಬಾಡಿಗೆಗೆ 5 ಎಚ್‌ಪಿ ಡೀಸೆಲ್ ಪಂಪು ತಂದು ನಾಲ್ಕು ತಾಸಿನಲ್ಲಿ ಕೋಣೆ ಖಾಲಿ ಮಾಡಿದೆ. ಸಂಜೆಗೆ ಗುಡ್ಡದ ಬದಿಯ ಗೋಡೆ ನಡುವೆ ಎರಡು ಬೆರಳಿನಷ್ಟು ಒಳಗೆ ಉಬ್ಬಿತ್ತು. ನೆಲದ ರೆಡ್ ಆಕ್ಸೈಡ್ ಹಪ್ಪಳದ ಹಾಗೆ ಎದ್ದಿತ್ತು. ಹೊರಗಿನ ಮಣ್ಣಿನಲ್ಲಿ ನೀರು ತುಂಬಿಯೇ ಇತ್ತು, ಒಳಗೆ ಎದುರು ಒತ್ತು ಕೊಡಲು ಏನೂ ಉಳಿದಿರಲಿಲ್ಲ. ಆಮೇಲೆ ಲೆಕ್ಕ ಹಾಕಿದೆ. ಹೊರಗೆ ಆರು ಅಡಿ ನೀರು ನಿಂತರೆ 22 ಅಡಿ ಗೋಡೆಯ ಮೇಲೆ ಹತ್ತಿರ ಹತ್ತಿರ 11 ಟನ್ ಭಾರ ಬೀಳುತ್ತದೆ. ಗೋಡೆ ನಿಂತಿದ್ದೇ ಪುಣ್ಯ.

ಆ ವರ್ಷ ಎಲ್ಲರೂ ಹೇಳಿದ್ದನ್ನೇ ಮಾಡಿದೆ. ಗೋಡೆಗೆ ಆಸರೆ ಕಟ್ಟಿಸಿದೆ. ವಾಟರ್‌ಪ್ರೂಫ್ ಕೆಮಿಕಲ್ ಹಾಕಿ ಸಿಮೆಂಟ್ ಗಿಲಾಯಿ, ಮೇಲೆ ಪುಟ್ಟಿ, ಎರಡು ಕೋಟ್ ಬಣ್ಣ. ದೀಪಾವಳಿಗೆ ಮುಂಚೆ ಕೋಣೆ ಹೊಸ ಮದುಮಗಳ ಹಾಗೆ ಕಾಣುತ್ತಿತ್ತು. ಸುಮಾರು 1.4 ಲಕ್ಷ ಹೋಯಿತು. ಮುಂದಿನ ಜೂನ್‌ನಲ್ಲಿ ಬಣ್ಣ ಗುಳ್ಳೆ ಎದ್ದಿತು. ಬೆರಳಿಂದ ಒತ್ತಿದರೆ ಗುಳ್ಳೆ ಒಡೆದು ನೀರು ಜಿನುಗುತ್ತಿತ್ತು. ಗಣೇಶ ಚೌತಿಗೆ ಗಿಲಾಯಿ ಹಾಳೆ ಹಾಳೆಯಾಗಿ ಕಳಚಿತು. ಹಿಂದಿನ ಬದಿ ಮುಟ್ಟಿದರೆ ಹಿಂದಿನ ವರ್ಷದ ಕೆಸರು ಇನ್ನೂ ಹಸಿಯಾಗಿತ್ತು!

2021ರ ಜುಲೈ 23ರಂದು ಮತ್ತೆ ಬಂತು, ಗುಳ್ಳಾಪುರ ಸೇತುವೆ ಕೊಚ್ಚಿಹೋದ ನೆರೆ ಅದು. ಈ ಸಲ ಏಳು ಅಡಿ. ನೆರೆ ಪರಿಹಾರದ 10,000 ರೂಪಾಯಿ ಕೆಸರು ಎತ್ತುವ ಕೂಲಿಗೇ ಮುಗಿಯಿತು.

ಈ ಸಲ ಪಂಪು ಹಚ್ಚಲಿಲ್ಲ. ಹೊಳೆ ಇಳಿದ ಮೇಲೂ ಎರಡು ದಿನ ಸುಮ್ಮನೆ ಕೂತೆ. ಆಮೇಲೆ ಒಂದು ಅಡಿ ಮಾತ್ರ ತೆಗೆದು ದಾರಂದದ (ಬಾಗಿಲ ಚೌಕಟ್ಟಿನ) ಮೇಲೆ ಮೊಳೆಯಿಂದ ಗೀರು ಹಾಕಿದೆ. ಮರುದಿನ ಬೆಳಿಗ್ಗೆ ನೋಡಿದರೆ ನೀರು ಗೀರಿನಿಂದ ಅರ್ಧ ಅಡಿ ಮೇಲೆ ಬಂದಿತ್ತು. ಹೊರಗಿನ ಮಣ್ಣು ಇನ್ನೂ ತುಂಬಿದೆ ಅಂತ ಅರ್ಥ. ಮತ್ತೆ ಎರಡು ದಿನ ಕಾದೆ. ಗೀರು ಅಲ್ಲಾಡದೆ ನಿಂತ ಮೇಲೆ ದಿನಕ್ಕೆ ಎರಡು ಅಡಿಯಂತೆ ಇಳಿಸಿದೆ. ಒಟ್ಟು ಒಂಬತ್ತೋ ಹತ್ತೋ ದಿನ. ಪಕ್ಕದ ಮನೆಯ ಮಾವ ದಿನಾ ಬಂದು, "ಏನೋ ತಮಾ, ಮನೆ ಕೊಳೆಸುಕೆ ಕೂತಿದ್ಯಾ?" ಅಂತಿದ್ದರು. ಗೋಡೆ ಒಂದು ನೂಲು ಅಲುಗಲಿಲ್ಲ.

ನೀರು ಇಳಿಯುತ್ತಾ ಇರುವಾಗಲೇ ಗೋಡೆ ತೊಳೆಯುತ್ತಾ ಬನ್ನಿ. ಕೆಸರು ಒಣಗಿದರೆ ಚಿರೇಕಲ್ಲಿನ ತೂತಿನಲ್ಲಿ ಕೂತು ಕಲ್ಲೇ ಆಗಿಬಿಡುತ್ತದೆ. ಗಂಬೂಟು, ಕೈಗವಸು ಇಲ್ಲದೆ ಒಬ್ಬರನ್ನೂ ಇಳಿಸಬೇಡಿ. ಇಲಿಜ್ವರ ನಮ್ಮ ಕಡೆ ಹೊಸದೇನಲ್ಲ.

ಆಮೇಲೆ ಸಿಮೆಂಟ್ ಗಿಲಾಯಿ ಪೂರ್ತಿ ಕಿತ್ತೆ. ಸಂದುಗಳನ್ನು ಒಂದಿಂಚು ಆಳಕ್ಕೆ ಕೆರೆದೆ. ಬರೀ ಕಲ್ಲು ಕಾಣುವ ಗೋಡೆಯನ್ನು ಆರು ತಿಂಗಳು ಹಾಗೇ ಬಿಟ್ಟೆ. ಮನೆಯವರಿಗೂ ಇದು ಸರಿ ಕಾಣಲಿಲ್ಲ. ನಮ್ಮ ಕರಾವಳಿ ಗಾಳಿಯಲ್ಲಿ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಕಿಟಕಿ ತೆರೆದಿಟ್ಟರೆ ಒಣಗುವುದಿಲ್ಲ, ಹೊರಗಿನ ತೇವವೇ ಒಳಗೆ ಬರುತ್ತದೆ. ಚಳಿಗಾಲದಲ್ಲಿ ಘಟ್ಟದ ಕಡೆಯಿಂದ ಒಣ ಗಾಳಿ ಶುರುವಾದ ಮೇಲೆಯೇ ನಿಜವಾಗಿ ಒಣಗಿದ್ದು.

ಅಷ್ಟರೊಳಗೆ ಏನೇನೋ ಮಾಡಿ ನೋಡಿದೆ. ತೆಂಗಿನ ಚಿಪ್ಪಿನ ಬೆಂಕಿ ಹಾಕಿದೆ. ಕಲ್ಲಿನ ಮೈ ಮಾತ್ರ ಒಣಗಿ ಪುಡಿ ಉದುರಿತು, ಒಳಗೆ ಹಸಿ ಹಾಗೇ ಇತ್ತು. ಅದನ್ನು ಮಾಡಬೇಡಿ. ನೀರು ಹಾಕದ ಸುಟ್ಟ ಸುಣ್ಣವನ್ನು ನಾಲ್ಕು ಕಬ್ಬಿಣದ ಬಾಣಲೆಯಲ್ಲಿ ಇಟ್ಟು ಬಾಗಿಲು ಮುಚ್ಚಿದೆ. ಒಂದು ವಾರಕ್ಕೆ ಗಟ್ಟಿಗಳೆಲ್ಲ ತೇವ ಹೀರಿ ತಾವೇ ಪುಡಿಯಾದವು. ಇದು ಕೆಲಸ ಮಾಡುತ್ತದೆ, ಆದರೆ ಮಕ್ಕಳಿರುವ ಮನೆಯಲ್ಲಿ ಬೇಡ. ನೀರು ಬಿದ್ದರೆ ಕುದಿಯುತ್ತದೆ.

ಗೊಬ್ಬರದ ಚೀಲ ಇಟ್ಟಿದ್ದ ಮೂಲೆಯದು ಬೇರೆಯೇ ಕಥೆ. ಯೂರಿಯಾ, ಡಿಎಪಿ ಎಲ್ಲಾ ನೆರೆ ನೀರಿನಲ್ಲಿ ಕರಗಿ ಗೋಡೆ ಕುಡಿದಿತ್ತು. ಬಿಸಿಲು ಬಂದ ಕೂಡಲೇ ಅಲ್ಲಿ ಬಿಳಿ ಹತ್ತಿಯ ಹಾಗೆ ಉಪ್ಪು ಕಕ್ಕುತ್ತಿತ್ತು. ಹಳೆ ಪೇಪರು ನೆನೆಸಿ, ರುಬ್ಬಿ, ಜೇಡಿಮಣ್ಣು ಕಲಸಿ, ಅರ್ಧ ಇಂಚು ದಪ್ಪ ಮೆತ್ತಿದೆ. ಎರಡು ವಾರಕ್ಕೆ ಅದು ಒಣಗಿ ಬಿರಿದು ಕಳಚಿ ಬಂತು, ಉಪ್ಪನ್ನೂ ಎಳೆದುಕೊಂಡು. ಮೂರು ಸಲ ಹೀಗೆ ಮಾಡಿದೆ. ಮೂರನೆಯ ಸಲ ಬಿಳಿ ಬಹಳ ಕಡಿಮೆ ಇತ್ತು. ತೆಗೆದ ಮೆತ್ತೆಯನ್ನು ತೆಂಗಿನ ಬುಡಕ್ಕೆ ಹಾಕಿದೆ.

ಒಣಗಿತೋ ಇಲ್ಲವೋ ನೋಡಲು ಎರಡು ಅಡಿ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಒತ್ತಿ, ಅಂಚಿಗೆ ಪಟ್ಟಿ ಹೊಡೆದು ಮಣ್ಣು ಮೆತ್ತುತ್ತಿದ್ದೆ. ಚಿರೇಕಲ್ಲಿಗೆ ಟೇಪು ಹಿಡಿಯುವುದಿಲ್ಲ. ನವೆಂಬರ್‌ನಲ್ಲಿ ಬೆಳಗಾಗುವಷ್ಟರಲ್ಲಿ ಹಾಳೆಯ ಒಳಗೆ ಹನಿ ಸಾಲು. ಜನವರಿ ಕೊನೆಗೆ ಎರಡು ದಿನ ಇಟ್ಟರೂ ಹನಿ ಇಲ್ಲ. ಅವತ್ತೇ ಸುಣ್ಣ ನೆನೆಹಾಕಿದೆ.

ಹೌದು, ಚಿಪ್ಪಿ ಸುಟ್ಟು ಮಾಡಿದ ಸುಣ್ಣದ ಗಾರೆ. ಸಿಮೆಂಟ್ ಒಂದು ಬೊಗಸೆಯೂ ಇಲ್ಲ. ನನಗೆ ಇದನ್ನು ಕಲಿಸಿದ್ದು ನಾನು ದೊಡ್ಡಪ್ಪ ಅಂತ ಕರೆಯುವ ಹಳೆಯ ಗಾರೆ ಮೇಸ್ತ್ರಿ. ಅವರು ಹೇಳಿದ್ದು ಇಷ್ಟೇ: "ತಮಾ, ನೀರು ಬರುಕೆ ದಾರಿ ಇದ್ದಲ್ಲಿ ಹೋಗುಕೂ ದಾರಿ ಬಿಡು." ಸಿಮೆಂಟ್ ಗೋಡೆಯ ತೇವವನ್ನು ಒಳಗೇ ಹಿಡಿದಿಡುತ್ತದೆ, ಸುಣ್ಣದ ಗಾರೆ ಹೊರಗೆ ಬಿಡುತ್ತದೆ. ಉಳಿದ ಮೇಸ್ತ್ರಿಗಳು ನಕ್ಕರು. ಈ ಕಾಲದಲ್ಲಿ ಸುಣ್ಣವಾ, ಮಳೆಗಾಲಕ್ಕೆ ಕರಗಿ ಹೋಗುತ್ತದೆ ಅಂದರು.

ಮೊದಲ ಸಲ ನಾನೇ ಕೆಡಿಸಿದೆ. ಮುಕ್ಕಾಲು ಇಂಚು ಒಂದೇ ಕೋಟ್‌ನಲ್ಲಿ ಬಳಿದೆ. ನಾಲ್ಕು ದಿನಕ್ಕೆ ಗದ್ದೆ ಬಿರಿದ ಹಾಗೆ ಬಿರಿಯಿತು. ಒಂದು ಇಡೀ ಗೋಡೆ ಕಿತ್ತು ಹಾಕಬೇಕಾಯಿತು, ಸುಮಾರು 7,000 ರೂಪಾಯಿ ನಷ್ಟ. ಆಮೇಲೆ ಎರಡು ತೆಳು ಕೋಟ್, ನಡುವೆ ಹತ್ತು ದಿನ ಬಿಡುವು, ಮೇಲೆ ಒದ್ದೆ ಗೋಣಿತಾಟು. ಸುಣ್ಣ ಒಂದು ಪಾಲು, ಮರಳು ಮೂರು ಪಾಲು. ಕೆಳಗಿನ ಮೂರು ಅಡಿಗೆ ಮಾತ್ರ ಮರಳಿನಲ್ಲಿ ಒಂದು ಪಾಲು ತೆಗೆದು ಇಟ್ಟಿಗೆ ಪುಡಿ ಸೇರಿಸಿದೆ. ತೇವ ಇರುವ ಕಡೆ ಬರೀ ಸುಣ್ಣ ಗಟ್ಟಿಯಾಗುವುದಿಲ್ಲ. ಕಲಸುವ ನೀರಿಗೆ ಬೆಲ್ಲ ಮತ್ತು ಅಳಲೆಕಾಯಿ ಕೊಳೆಹಾಕಿದ ನೀರು ಸೇರಿಸಿದ್ದೇವೆ. ಅದರ ಅಳತೆ, ಎಷ್ಟು ದಿನ ಕೊಳೆಹಾಕಬೇಕು ಅನ್ನುವುದು ದೊಡ್ಡಪ್ಪನ ಗುಟ್ಟು. ಇಲ್ಲಿ ಬರೆಯುವುದಿಲ್ಲ.

ನೆಲಕ್ಕೆ ಮರಳಿನ ಮೇಲೆ ಚಿರೇಕಲ್ಲು ಜೋಡಿಸಿ ಸಂದು ಹಾಗೇ ಬಿಟ್ಟೆ, ಮೂಲೆಯಲ್ಲಿ ಒಂದು ಗುಂಡಿ. ಕೆಳಗಿಂದ ನೀರು ಒತ್ತಿದರೆ ಸಂದಿನಲ್ಲಿ ಬರುತ್ತದೆ, ನೆಲ ಏಳುವುದಿಲ್ಲ. ಗುಡ್ಡದ ಬದಿ ಹೊರಗೆ ಕಾಲುವೆ ತೋಡಿ, ತೂತು ಪೈಪು, ಜಲ್ಲಿ ಹಾಕಿ ತೋಟಕ್ಕೆ ಬಿಟ್ಟೆ. ಅದಕ್ಕೇ 28,000 ಆಯಿತು. ವೈರಿಂಗ್ ಪೂರ್ತಿ ಚಾವಣಿಗೆ ಹೋಯಿತು. ಎಲ್ಲಾ ಸೇರಿ 1.2 ಲಕ್ಷದ ಹತ್ತಿರ, ಸಿಮೆಂಟಿಗೆ ಸುರಿದದ್ದಕ್ಕಿಂತ ಕಡಿಮೆ.

2024ರ ಜುಲೈನಲ್ಲಿ, ಶಿರೂರಿನಲ್ಲಿ ಗುಡ್ಡ ಕುಸಿದ ಆ ಕೆಟ್ಟ ವಾರ, ಹೊಳೆ ಮತ್ತೆ ಬಾಗಿಲಿಗೆ ಬಂತು. ಮರಳಿನ ಚೀಲ ಇಡಲಿಲ್ಲ. ನಾನೇ ಬಾಗಿಲು ತೆರೆದು ಒಳಗೆ ಬಿಟ್ಟೆ. ಎರಡು ಅಡಿ ಬಂತು, ಹೊಳೆ ಇಳಿದಂತೆ ತಾನೇ ಹೋಯಿತು. ತೊಳೆದೆವು. ಗೋಡೆ ಎರಡೂವರೆ ಅಡಿವರೆಗೆ ಕಪ್ಪಾಗಿ ತಿಂಗಳುಗಟ್ಟಲೆ ಹಾಗೇ ಇತ್ತು. ಡಿಸೆಂಬರ್‌ಗೆ ಗೆರೆ ಮಾಸಿತು. ಒಂದು ಹೆಸರುಕಾಳಿನಷ್ಟು ಗಾರೆಯೂ ಉದುರಲಿಲ್ಲ. ಸುಣ್ಣ ಬಳಿದದ್ದೂ ಸೇರಿ 4,000 ರೂಪಾಯಿ ಖರ್ಚು.

ಮಾವ ಒಂದು ದಿನ ಬಂದು ಗೋಡೆಗೆ ಬೆರಳಿಂದ ತಟ್ಟಿ ನೋಡಿದರು. ಉಗುರಿನಿಂದ ಗೀರಿಯೂ ನೋಡಿದರು. ಅವರ ಕೊಟ್ಟಿಗೆಯ ಹಿಂದಿನ ಗೋಡೆಗೆ ಈಗ ಸುಣ್ಣ ನೆನೆಹಾಕಿದ್ದೇವೆ. ಸುಣ್ಣದ ಗುಂಡಿಗೆ ದಿನಾ ನೀರು ಹಾಕುವ ಕೆಲಸ ಅವರದೇ.