ಬುಡ ನೋಡಿ, ಆಮೇಲೆ ಬೆಲೆ ಕೇಳಿ

ಹಳೆಯ ಗಾಜು ಎಂದರೆ ನಮ್ಮಲ್ಲಿ ಎಲ್ಲವೂ ‘ಬೆಲ್ಜಿಯಂ’. ಮಾರುವವನೂ ಹಾಗೆ ಹೇಳುತ್ತಾನೆ, ಕೊಂಡವರೂ ಮನೆಗೆ ಬಂದವರ ಮುಂದೆ ಹಾಗೇ ಹೇಳಿಕೊಳ್ಳುತ್ತಾರೆ. ಆದರೆ ಹೂಬಳ್ಳಿ, ಹಕ್ಕಿ, ಚಿನ್ನದ ಅಂಚು ಬರೆದ ಬಣ್ಣದ ಹೂದಾನಿ, ಲೋಟ, ಅತ್ತರಿನ ಸೀಸೆಗಳಲ್ಲಿ ಬಹಳಷ್ಟು ಬೊಹೀಮಿಯದವು, ಅಂದರೆ ಈಗಿನ ಝೆಕ್ ದೇಶದವು. ಅಲ್ಲಿನ ನೋವಿ ಬೋರ್, ಕಮೆನಿಟ್ಸ್ಕಿ ಶೆನೋವ್ ಎಂಬ ಊರುಗಳಲ್ಲಿ ಗಾಜಿಗೆ ಬಣ್ಣ ಬರೆಯುವುದೇ ಕಸುಬು. ಎರಡನೆಯ ಊರಲ್ಲಿ 1856ರಲ್ಲೇ ಗಾಜಿನ ಶಾಲೆ ಶುರುವಾಯಿತು.

ಇಂಥದೊಂದು ಎಷ್ಟು ಹಳೆಯದು, ಬಣ್ಣ ಹೇಗೆ ಬರೆದದ್ದು ಎಂದು ತಿಳಿಯಬೇಕಾದರೆ ಮೊದಲ ಕೆಲಸ: ತೊಳೆಯಬೇಡಿ. ನಮ್ಮ ಬಂಧುಗಳೊಬ್ಬರು ಅಟ್ಟದಿಂದ ಇಳಿಸಿದ ನೀಲಿ ಹೂದಾನಿಗೆ ಹಿತ್ತಾಳೆ ಚೆಂಬಿಗೆ ಮಾಡುವ ಉಪಚಾರವನ್ನೇ ಮಾಡಿದರು. ಹುಣಸೆಹುಳಿ, ಬೂದಿ, ತೆಂಗಿನ ನಾರು. ಗಾಜು ಫಳಫಳ ಹೊಳೆಯಿತು. ಕಂಠದ ಸುತ್ತ ಇದ್ದ ಚಿನ್ನದ ಗೆರೆ ಮಾತ್ರ ಬಚ್ಚಲಿಗೆ ಹೋಯಿತು. ಒಣ ಮೆತ್ತನೆ ಬಟ್ಟೆಯಲ್ಲಿ ಧೂಳು ಒರೆಸಿದರೆ ಸದ್ಯಕ್ಕೆ ಸಾಕು.

ಇನ್ನು ಬೋರಲು ಹಾಕಿ ಬುಡ ನೋಡಿ. ಊದಿ ಮಾಡಿದ ಗಾಜಾದರೆ ನಡುವೆ, ಮಾಡುವಾಗ ಹಿಡಿದಿದ್ದ ಕಬ್ಬಿಣದ ಸರಳಿನಿಂದ ಮುರಿದು ಬಿಡಿಸಿದ ಒರಟು ಕಲೆ, ಇಲ್ಲವೇ ಅದನ್ನು ಉಜ್ಜಿ ತೆಗೆದ ನುಣುಪಾದ ಗುಳಿ ಸಾಮಾನ್ಯವಾಗಿ ಇರುತ್ತದೆ. ಪಕ್ಕದಲ್ಲಿ ಅಚ್ಚಿನ ಗೆರೆ ಕಂಡ ಕೂಡಲೇ ‘ಹೊಸದು’ ಎಂದು ಎಸೆಯಬೇಡಿ. ಅಚ್ಚಿನಲ್ಲಿ ಒತ್ತಿ ಮಾಡುವ ಗಾಜು ಅಮೆರಿಕದಲ್ಲಿ 1820ರ ದಶಕದಿಂದಲೇ ಇದೆ. ಬುಡದ ಗೀರುಗಳನ್ನು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಲ್ಲಿ ನೋಡಿ. ನೂರು ವರ್ಷ ಮೇಜು, ಕಪಾಟುಗಳ ಮೇಲೆ ಸರಿದಾಡಿದ್ದರೆ ಗೀರುಗಳು ದಿಕ್ಕುದೆಸೆಯಿಲ್ಲದೆ ಬಿದ್ದಿರುತ್ತವೆ, ಅದೂ ನೆಲಕ್ಕೆ ತಾಗುವ ಉಂಗುರದ ಮೇಲಷ್ಟೇ. ಎಲ್ಲ ಗೀರೂ ಒಂದೇ ಕಡೆಗೆ ಸಾಲಾಗಿದ್ದರೆ, ಅಥವಾ ಏನೂ ತಾಗದ ಗುಳಿಯೊಳಗೂ ಇದ್ದರೆ, ಯಾರೋ ಎಮರಿ ಪೇಪರ್ ಹಿಡಿದು ವಯಸ್ಸು ತುಂಬಿದ್ದಾರೆ ಎಂದೇ ಅರ್ಥ.

ಎಲ್ಲರೂ ಎಡವುವುದು ಬಣ್ಣದಲ್ಲಿ. ಇಲ್ಲಿ ಅವಸರ ಬೇಡ, ಕಿಟಕಿ ಪಕ್ಕ ಕೂತು ಅರ್ಧ ಗಂಟೆ ಕೊಡಿ.

ಒಳ್ಳೆಯ ಎನಾಮಲ್ ಬಣ್ಣವೆಂದರೆ ಅದೂ ಗಾಜೇ. ಗಾಜಿನ ಪುಡಿಗೆ ಲೋಹದ ಭಸ್ಮ ಬೆರೆಸಿ, ಎಣ್ಣೆಯಲ್ಲಿ ಕಲಸಿ, ಕುಂಚದಲ್ಲಿ ಬರೆದು ಕುಲುಮೆಯಲ್ಲಿ ಸುಡುತ್ತಾರೆ. ಸುಮಾರು 500ರಿಂದ 600 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಅದು ಮೈಗೆ ಕರಗಿ ಅಂಟುತ್ತದೆ. ಸುಡದೆ ಹಾಗೇ ಬಳಿದದ್ದು ಬರೀ ಪೇಂಟು. ಬೆರಳ ತುದಿ ಆಡಿಸಿ: ಎನಾಮಲ್ ತುಸು ಉಬ್ಬಿರುತ್ತದೆ, ತಣ್ಣಗಿರುತ್ತದೆ, ಕಲ್ಲಿನಂತೆ ಗಟ್ಟಿ. ಟಾರ್ಚನ್ನು ಓರೆಯಾಗಿ ಹಿಡಿದರೆ ಹೊಳಪು ಗಾಜಿನದೇ. ಪೇಂಟಿನ ಹೊಳಪಿಗೆ ಪ್ಲಾಸ್ಟಿಕ್ ಬಕೆಟ್ಟಿನ ಕಳೆ. ಬಣ್ಣ ಉದುರಿದ ಜಾಗ ಸಿಕ್ಕರೆ ನಿಮ್ಮ ಅದೃಷ್ಟ. ಎನಾಮಲ್ ಹೋದ ಕಡೆ ಎಲೆಯದೋ ಹೂವಿನದೋ ಮಾಸಲು ನೆರಳು ಉಳಿದಿರುತ್ತದೆ, ಪೇಂಟು ಹೋದ ಕಡೆ ಗಾಜು ಏನೂ ಆಗದಂತೆ ಮಿನುಗುತ್ತದೆ.

ಉಗುರಿನಿಂದ ಕೆರೆಯುವವರನ್ನು ಕಂಡಿದ್ದೇನೆ. ನೇಲ್ ಪಾಲಿಶ್ ತೆಗೆಯುವ ದ್ರವ ಹಚ್ಚಿ ‘ಟೆಸ್ಟ್’ ಮಾಡುವವರನ್ನೂ ಕಂಡಿದ್ದೇನೆ. ಅದು ಪರೀಕ್ಷೆಯಲ್ಲ, ಕೊಲೆ. ಯಾಕೆಂದರೆ ಪೇಂಟು ಇದ್ದದ್ದೆಲ್ಲ ಹೊಸದಲ್ಲ. 20ನೇ ಶತಮಾನದ ಶುರುವಿನಲ್ಲಿ ಅಮೆರಿಕದಲ್ಲಿ ಅಚ್ಚೊತ್ತಿದ ಅಗ್ಗದ ಗಾಜಿಗೆ ಸುಡದ ಬಣ್ಣ ಬಳಿದೇ ರಾಶಿರಾಶಿ ಮಾರಿದ್ದರು. ಅದನ್ನು ಈಗ ‘ಗೂಫಸ್’ ಗಾಜು ಎನ್ನುತ್ತಾರೆ.

ಕೈಯಲ್ಲಿ ಬರೆದದ್ದೋ, ಮುದ್ರಿಸಿದ ಚಿತ್ರ ಅಂಟಿಸಿ ಸುಟ್ಟದ್ದೋ? ಮಸೂರದಲ್ಲಿ ಚುಕ್ಕಿಗಳ ಜಾಲ ಕಂಡರೆ ಅಚ್ಚು. ಕುಂಚದ ಎಸಳು ಒಂದು ತುದಿಯಲ್ಲಿ ದಪ್ಪ, ಬರಬರುತ್ತ ಸಪೂರ. ಒಂದೇ ಬಳ್ಳಿಯ ಎರಡು ಹೂ ಹುಡುಕಿ ಎಸಳೆಸಳು ಹೋಲಿಸಿ. ತದ್ರೂಪವಾಗಿದ್ದರೆ ಕೈಬರಹವಲ್ಲ. ಹೊರಗೆರೆ ಅಚ್ಚು, ಒಳಬಣ್ಣ ಕೈಯದು ಎಂಬ ಬೆರಕೆಯೂ ಉಂಟು. ಅದನ್ನು ಹಿಡಿಯಲು ಗೆರೆಯನ್ನು ನೋಡಿ, ಬಣ್ಣವನ್ನಲ್ಲ.

ಗುರುತು, ಸಹಿಗಳನ್ನು ನಾನು ಕೊನೆಗೆ ನೋಡುತ್ತೇನೆ. ನೀವೂ ಹಾಗೇ ಮಾಡಿ. ಮೊದಲೇ ನೋಡಿದರೆ ಕಣ್ಣು ಅದನ್ನೇ ನಂಬಿಬಿಡುತ್ತದೆ. ‘ಝೆಕೊಸ್ಲೊವಾಕಿಯ’ ಎಂದಿದ್ದರೆ 1918ರ ಅಕ್ಟೋಬರಿಗಿಂತ ಹಿಂದಿನದಲ್ಲ, ಆ ದೇಶವೇ ಆಗ ಹುಟ್ಟಿದ್ದು. 1992 ಮುಗಿಯುವುದರೊಂದಿಗೆ ಅದು ಇಲ್ಲವಾಯಿತು. ಆಮದು ಸರಕಿನ ಮೇಲೆ ದೇಶದ ಹೆಸರು ಇರಬೇಕೆಂಬ ಅಮೆರಿಕದ ಕಾನೂನು 1891ರಲ್ಲಿ ಜಾರಿಗೆ ಬಂತು. ಹಾಗೆಂದು ಹೆಸರಿಲ್ಲದ್ದೆಲ್ಲ ಅದಕ್ಕೂ ಹಳೆಯದು ಎನ್ನುವಂತಿಲ್ಲ, ಬೇರೆ ದೇಶಕ್ಕೆ ಹೋದ ಸರಕಿಗೆ ಆ ಕಟ್ಟು ಇರಲಿಲ್ಲ. ಬುಡದಲ್ಲಿ ಸಣ್ಣ ಕುಂಚದಲ್ಲಿ ಬರೆದ ಅಂಕಿ ಸಾಮಾನ್ಯವಾಗಿ ವಿನ್ಯಾಸದ ನಂಬರು. 1740 ಎಂದಿದ್ದರೆ ಇಸವಿ ಎಂದು ಕುಣಿಯಬೇಡಿ.

ಹುಕ್ಕಾ ಬುರುಡೆಯ ಮೇಲೆ ಪರ್ಷಿಯದ ದೊರೆ ನಾಸಿರುದ್ದೀನ್ ಷಾ ಚಿತ್ರವಿದ್ದರೆ ಕೆಲಸ ಸುಲಭ. ಅವನ ಆಳ್ವಿಕೆ 1848ರಿಂದ 1896. ಆ ಮಾರುಕಟ್ಟೆಗೆಂದೇ ಬೊಹೀಮಿಯದವರು ಇಂಥವನ್ನು ಮಾಡುತ್ತಿದ್ದರು.

ಎರಡು ಹೆಸರು ಕೇಳಿದರೆ ಎಚ್ಚರ. ಬೊಹೀಮಿಯದ ಕಾರ್ಲ್ಸ್‌ಬಾಡ್ ಊರಿನಲ್ಲಿ 1857ರಲ್ಲಿ ಶುರುವಾದ ‘ಮೋಸರ್’ ಕಂಪನಿಯ ಹಳೆಯ ಮಾಲಿಗೆ ಎಷ್ಟೋ ಸಲ ಸಹಿಯೇ ಇಲ್ಲ. ಹಾಗಾಗಿ ಚಿನ್ನ, ಓಕ್ ಎಲೆ ಕಂಡದ್ದನ್ನೆಲ್ಲ ಮೋಸರ್ ಎನ್ನುತ್ತಾರೆ. 1712ರಷ್ಟು ಹಳೆಯದಾದ, ಬೊಹೀಮಿಯದ್ದೇ ಆದ ಹರ್ರಾಖ್ ಕಾರ್ಖಾನೆಯ ಸರಕಿಗೂ ಅದೇ ಚೀಟಿ. ಇನ್ನೊಂದು ‘ಮೇರಿ ಗ್ರೆಗರಿ’, ಬಿಳಿ ಎನಾಮಲ್ಲಿನಲ್ಲಿ ಆಟವಾಡುವ ಮಕ್ಕಳ ಚಿತ್ರ. ಅಮೆರಿಕದ ಸ್ಯಾಂಡ್‌ವಿಚ್ ಎಂಬ ಊರಿನ ಗಾಜಿನ ಕಾರ್ಖಾನೆಯಲ್ಲಿ 1880ರ ದಶಕದಲ್ಲಿ ಆ ಹೆಸರಿನ ಕಲಾವಿದೆ ಇದ್ದದ್ದು ನಿಜ, ಆದರೆ ಆಕೆ ಬರೆದದ್ದು ನಿಸರ್ಗದೃಶ್ಯ. ಮಕ್ಕಳ ಚಿತ್ರಗಳು ಬಹುಪಾಲು ಬೊಹೀಮಿಯದವು.

ಹಳದಿ-ಹಸಿರು ಗಾಜಾದರೆ ಕತ್ತಲಲ್ಲಿ ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಬಿಡಿ. ಕಡು ಹಸಿರಾಗಿ ಉರಿದರೆ ಯುರೇನಿಯಂ ಇದೆ. 1830ರ ದಶಕದಲ್ಲಿ ಬೊಹೀಮಿಯದ ರೀಡೆಲ್ ಮನೆತನ ಅಂಥ ಗಾಜನ್ನು ಜನಪ್ರಿಯಗೊಳಿಸಿತು; ಇಂದೂ ಮಾಡುವವರಿದ್ದಾರೆ. ಹಾಗಾಗಿ ಆ ಹಸಿರು ಬೆಳಕು ಗಾಜಿನೊಳಗೇನಿದೆ ಎಂದು ಹೇಳುತ್ತದೆ, ವಯಸ್ಸನ್ನಲ್ಲ. ಮಂಕಾದ ಹಸಿರು ಮ್ಯಾಂಗನೀಸಿನದಿರಬಹುದು.

ಕಂಡದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದಿಡಿ. ‘ಬೊಹೀಮಿಯ, ಸುಮಾರು 1880–1900, ಸುಟ್ಟ ಎನಾಮಲ್, ಕೈಬರಹ’ ಎಂದರೆ ಧಾರಾಳವಾಯಿತು. ಚೀಟಿಯನ್ನು ಹೂದಾನಿಯೊಳಗೆ ಹಾಕಿ. ಗಮ್‌ಟೇಪಿನಲ್ಲಿ ಹೊರಗೆ ಅಂಟಿಸಿದರೆ, ಕೀಳುವ ದಿನ ಚಿನ್ನವೂ ಟೇಪಿನ ಜತೆಗೇ ಬರುತ್ತದೆ.