ಸಂಬಳ ತಡವಾದರೆ ಎಂಟನೇ ತಾರೀಖಿನಿಂದ ಮಾಡಬೇಕಾದ ಕೆಲಸ: ನನ್ನ ಅನುಭವ

ಬೆಂಗಳೂರಿನ ಹೌಸ್‌ಕೀಪಿಂಗ್, ಸೆಕ್ಯುರಿಟಿ, ಗಾರ್ಮೆಂಟ್ಸ್ ಕೆಲಸದವರು ಸಂಬಳದ ಅರ್ಜಿ ಬರೆಸಲು ನನ್ನ ಹತ್ತಿರ ಬರುವ ಹೊತ್ತಿಗೆ ಸಾಮಾನ್ಯವಾಗಿ ಎರಡು ತಿಂಗಳ ಬಾಕಿ ಕೂತಿರುತ್ತದೆ. ಅಷ್ಟು ದಿನ ಅವರೇನು ಸುಮ್ಮನಿರುವುದಿಲ್ಲ, ದಿನಾ ಕೇಳಿರುತ್ತಾರೆ. ಆದರೆ ಕೇಳಿದ್ದೆಲ್ಲ ಬಾಯಿಮಾತು. "ನಾಳೆ ಹಾಕ್ತಾರಂತೆ ಅಕ್ಕಾ" ಎಂದು ಸೂಪರ್‌ವೈಸರ್ ಹೇಳಿರುತ್ತಾನೆ, ಇವರು ನಂಬಿರುತ್ತಾರೆ. ಲೇಬರ್ ಆಫೀಸಿನಲ್ಲಿ ತೋರಿಸೋಣವೆಂದರೆ ಕೈಯಲ್ಲಿ ಒಂದು ತುಂಡು ಕಾಗದವೂ ಇಲ್ಲ. ಹಾಗಾಗಿ ಎಂಟನೇ ತಾರೀಖಿಗೇ ಬರಹದಲ್ಲಿ ಕೇಳಿ ಎಂದು ನಾನು ಪಟ್ಟು ಹಿಡಿಯುತ್ತೇನೆ. ಆ ದಿನದ ಒಂದು ಪುಟ ಮುಂದಿನ ಎಲ್ಲ ಕೆಲಸವನ್ನೂ ಸಲೀಸು ಮಾಡುತ್ತದೆ.

ಎಂಟನೇ ತಾರೀಖೇ ಏಕೆಂದರೆ, ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಖು ಮುಗಿಯುವುದರೊಳಗೆ ಕೈಸೇರಬೇಕು. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆಯ 17ನೇ ಸೆಕ್ಷನ್ ಹೇಳುವುದು ಇದನ್ನೇ. ದಿನಗೂಲಿಯಾದರೆ ಪಾಳಿ ಮುಗಿದಾಗ, ವಾರದ ಬಟವಾಡೆಯಾದರೆ ವಾರದ ರಜೆಗೆ ಮುಂಚೆ, ಹದಿನೈದು ದಿನದ ಲೆಕ್ಕವಾದರೆ ಅದು ಮುಗಿದ ಎರಡನೇ ದಿನದೊಳಗೆ. 1936ರ ವೇತನ ಪಾವತಿ ಕಾಯ್ದೆಯಲ್ಲಿ ಸಾವಿರ ಜನ ಅಥವಾ ಅದಕ್ಕಿಂತ ಹೆಚ್ಚು ಇರುವ ಕಡೆ 10ನೇ ತಾರೀಖಿನವರೆಗೆ ಅವಕಾಶವಿತ್ತು, ತಿಂಗಳಿಗೆ 24,000 ರೂ. ಮೀರಿದವರಿಗೆ ಆ ಕಾಯ್ದೆ ಅನ್ವಯಿಸುತ್ತಲೇ ಇರಲಿಲ್ಲ. ಈಗ ಎರಡೂ ಹೋಗಿವೆ. "ನಮ್ಮದು ದೊಡ್ಡ ಫ್ಯಾಕ್ಟರಿ, ಹತ್ತರವರೆಗೆ ಟೈಮಿದೆ" ಎನ್ನುವ ಎಚ್‌ಆರ್‌ಗಳು ಇನ್ನೂ ಇದ್ದಾರೆ. ಜಗಳ ಬೇಡ, ಸೆಕ್ಷನ್ ನಂಬರು ಹೇಳಿ ಸಾಕು.

ಬ್ಯಾಂಕ್ ರಜೆ ಎನ್ನುವ ನೆಪಕ್ಕೂ ಆಧಾರವಿಲ್ಲ. ಒಂದು ಖಾತೆಯಿಂದ ಇನ್ನೊಂದಕ್ಕೆ ಹಣ ಕಳಿಸುವ ನೆಫ್ಟ್ 2019ರ ಡಿಸೆಂಬರ್‌ನಿಂದ ದಿನದ ಇಪ್ಪತ್ತನಾಲ್ಕು ಗಂಟೆಯೂ ನಡೆಯುತ್ತದೆ. ಒಟ್ಟಿಗೆ ನೂರಾರು ಜನರ ಖಾತೆಗೆ ಹಣ ಹಾಕುವ ನ್ಯಾಚ್ ವ್ಯವಸ್ಥೆ 2021ರ ಆಗಸ್ಟ್ 1ರಿಂದ ಭಾನುವಾರವೂ ಓಡುತ್ತದೆ.

ಕಂಪನಿಗಳಿಗೆ ಕೆಲಸದವರನ್ನು ಒದಗಿಸುವ ಏಜೆನ್ಸಿಯವರು ಹೇಳುವ ಮಾತು ಇನ್ನೊಂದು: "ಕಂಪನಿಯವರು ಬಿಲ್ ಪಾಸ್ ಮಾಡಿಲ್ಲ, ನಾವೆಲ್ಲಿಂದ ಕೊಡೋಣ?" ಬಿಲ್ಲಿನ ವ್ಯವಹಾರ ಏಜೆನ್ಸಿಗೂ ಕಂಪನಿಗೂ ಸೇರಿದ್ದು. ಕಸ ಗುಡಿಸಿದವರ ಸಂಬಳಕ್ಕೂ ಅದಕ್ಕೂ ಗಂಟು ಹಾಕಲು ಕಾನೂನಿನಲ್ಲಿ ಎಡೆಯಿಲ್ಲ. ಏಜೆನ್ಸಿ ಕೊಡದಿದ್ದರೆ ಕೆಲಸ ನಡೆಯುವ ಜಾಗದ ಒಡೆತನ ಯಾರದ್ದೋ ಆ ಸಂಸ್ಥೆಯೇ ಕೊಡಬೇಕು ಎಂದು ಸಂಹಿತೆಯ 43ನೇ ಸೆಕ್ಷನ್ನೇ ಹೇಳುತ್ತದೆ. ಹೊರಗುತ್ತಿಗೆಯವರಿಗೆ ಇದಕ್ಕಿಂತ ಬಲವಾದ ಹಿಡಿ ಮತ್ತೊಂದಿಲ್ಲ. ಟೆಕ್ ಪಾರ್ಕಿನ ಕಂಪನಿಯಾಗಲಿ ಆಸ್ಪತ್ರೆಯಾಗಲಿ, ಹೊಣೆ ತಮ್ಮ ತಲೆಗೂ ಬರುತ್ತದೆಂದು ಗೊತ್ತಾದ ದಿನ ಏಜೆನ್ಸಿಯ ಮುಂದಿನ ಬಿಲ್ ತಡೆಹಿಡಿದು ವಿಚಾರಿಸುತ್ತದೆ. ಆದ್ದರಿಂದ ಪ್ರತಿಯೊಂದು ಪತ್ರದ ನಕಲೂ ಅವರಿಗೆ ಹೋಗಬೇಕು.

ಪತ್ರ ಬರೆಯುವ ಮೊದಲು ಮಾಲೀಕ ಯಾರು ಎನ್ನುವುದು ಖಚಿತವಾಗಬೇಕು. ಇಲ್ಲಿಯೇ ಎಷ್ಟೋ ಅರ್ಜಿಗಳು ಮುಗ್ಗರಿಸುತ್ತವೆ. ಸಮವಸ್ತ್ರದ ಮೇಲೆ ಒಂದು ಹೆಸರು, ಐಡಿ ಕಾರ್ಡಿನಲ್ಲಿ ಇನ್ನೊಂದು, ಸಂಬಳ ಬರುವುದು ಮತ್ತೊಂದರಿಂದ. ಟೆಂಡರ್ ಬದಲಾದಾಗ ಏಜೆನ್ಸಿಯೂ ಬದಲಾಗುತ್ತದೆ, ಕೆಲಸಗಾರರಿಗೆ ಯಾರೂ ತಿಳಿಸುವುದಿಲ್ಲ. ನಾನು ಮೊದಲು ತೆರೆಸುವುದು ಪಿಎಫ್ ಪಾಸ್‌ಬುಕ್. ಸರ್ಕಾರದ ಉಮಂಗ್ ಆ್ಯಪ್‌ನಲ್ಲಿ ಯುಎಎನ್, ಅಂದರೆ ನಿಮ್ಮ ಪಿಎಫ್ ನಂಬರು, ಹಾಕಿದರೆ ಸಂಸ್ಥೆಯ ಹೆಸರು ಬರುತ್ತದೆ. ಅದನ್ನು ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಹಣ ಕಳಿಸಿದವರ ಹೆಸರಿನ ಜೊತೆ ತಾಳೆ ನೋಡುತ್ತೇನೆ. ಎರಡೂ ಬೇರೆಯಾಗಿದ್ದರೆ ಎರಡು ಹೆಸರನ್ನೂ ಬರೆಯುತ್ತೇನೆ. ತಪ್ಪು ಹೆಸರಿಗೆ ನೋಟಿಸ್ ಹೋದರೆ ಅದು ವಾಪಸ್ ಬರುತ್ತದೆ, ತಿಂಗಳುಗಳು ಸುಮ್ಮನೆ ಕಳೆಯುತ್ತವೆ.

ಪಾಸ್‌ಬುಕ್ ಇನ್ನೂ ಎರಡು ಸಂಗತಿ ಹೇಳುತ್ತದೆ. ಪಿಎಫ್ ಹಣವನ್ನು ಮಾಲೀಕ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಜೂನ್ ತಿಂಗಳ ಪಿಎಫ್ ಕಟ್ಟಿದ್ದಾನೆಂದರೆ ನೀವು ಜೂನ್‌ನಲ್ಲಿ ಕೆಲಸ ಮಾಡಿದ್ದನ್ನೂ ಎಷ್ಟು ಸಂಬಳಕ್ಕೆ ಎನ್ನುವುದನ್ನೂ ತಾನೇ ಒಪ್ಪಿಕೊಂಡಂತೆ. ಸಂಬಳದಲ್ಲಿ ಪಿಎಫ್ ಹಿಡಿದು ಪಾಸ್‌ಬುಕ್‌ಗೆ ಹಾಕಿಲ್ಲವೆಂದರೆ, ಮುಂದೆ ಸಂಬಳವೂ ನಿಲ್ಲುವ ಸೂಚನೆ ಅದು. ತಿಂಗಳಿಗೊಮ್ಮೆ ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ಹಾಜರಿಯ ವಿಷಯಕ್ಕೆ ಬಂದರೆ, ಥಂಬ್ ಕೊಡುವ ಯಂತ್ರದ ದಾಖಲೆ ಮಾಲೀಕನ ಕೈಯಲ್ಲಿರುತ್ತದೆ, ನಿಮಗೆ ಸಿಗುವುದಿಲ್ಲ. ಒಂದು ಚಿಕ್ಕ ನೋಟ್‌ಬುಕ್ಕಿನಲ್ಲಿ ಆಯಾ ದಿನವೇ ತಾರೀಖು, ಒಳಗೆ ಹೋದ ಹೊತ್ತು, ಹೊರಗೆ ಬಂದ ಹೊತ್ತು, ಓವರ್‌ಟೈಮ್ ಗಂಟೆ ಬರೆದಿಡಿ. ತಿಂಗಳ ಕೊನೆಯಲ್ಲಿ ಒಂದೇ ಪೆನ್ನಿನಲ್ಲಿ ಕೂತು ಬರೆದದ್ದು ನೋಡಿದ ಕೂಡಲೇ ಗೊತ್ತಾಗುತ್ತದೆ. ವಾಟ್ಸಾಪ್ ಗ್ರೂಪಿನಲ್ಲಿ ಬಂದ ಡ್ಯೂಟಿ ಚಾರ್ಟ್, ಸೈಟಿನಿಂದ ನೀವು ಕಳಿಸಿದ ಫೋಟೊ, ಇನ್‌ಚಾರ್ಜ್ ಜೊತೆಗಿನ ಮೆಸೇಜು ಎಲ್ಲವೂ ಸಾಕ್ಷಿಯೇ. ಗ್ರೂಪಿನಿಂದ ನಿಮ್ಮನ್ನು ತೆಗೆಯುವ ಮೊದಲೇ ಚಾಟ್ ಎಕ್ಸ್‌ಪೋರ್ಟ್ ಮಾಡಿ ಇಮೇಲಿಗೆ ಕಳಿಸಿಕೊಳ್ಳಿ. ಬರೀ ಸ್ಕ್ರೀನ್‌ಶಾಟ್ ನೆಚ್ಚಿಕೊಂಡು ಹಳೆಯ ಫೋನು ಮಾರಬೇಡಿ. ಜೊತೆಗೆ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ ಸಂಬಳ ಬಂದ ಸಾಲುಗಳಿಗೆ ಗುರುತು ಹಾಕಿ. 9, 14, 19, 26 ಎಂದು ತಾರೀಖು ಜಾರುತ್ತಾ ಬಂದದ್ದು ಅಧಿಕಾರಿಗೆ ಒಂದೇ ನೋಟದಲ್ಲಿ ಕಾಣುತ್ತದೆ.

ಇನ್ನು ಪತ್ರ. ಕಷ್ಟಸುಖವನ್ನೆಲ್ಲ ಅದರಲ್ಲಿ ತೋಡಿಕೊಳ್ಳಬೇಡಿ. ಲೆಕ್ಕ ಬರೆಯಿರಿ. ನಾನು ಬರೆದುಕೊಡುವುದು ಹೀಗಿರುತ್ತದೆ:

"ಮಾನ್ಯರೇ, ನಾನು ತಮ್ಮ ಸಂಸ್ಥೆಯಲ್ಲಿ ಹೌಸ್‌ಕೀಪಿಂಗ್ ಕೆಲಸ ಮಾಡುತ್ತಿದ್ದೇನೆ. ಜೂನ್ ತಿಂಗಳಲ್ಲಿ 24 ದಿನ ಕೆಲಸ ಮಾಡಿದ್ದೇನೆ. ದಿನಕ್ಕೆ 640 ರೂ.ನಂತೆ 15,360 ರೂ., 10 ಗಂಟೆಯ ಓವರ್‌ಟೈಮ್‌ಗೆ ಗಂಟೆಗೆ 160 ರೂ.ನಂತೆ 1,600 ರೂ., ಒಟ್ಟು 16,960 ರೂ. ಈ ಹಣ ಜುಲೈ 7ರೊಳಗೆ ಜಮಾ ಆಗಬೇಕಿತ್ತು, ಈವರೆಗೆ ಆಗಿಲ್ಲ. ಕಾನೂನಿನಂತೆ ಕಡಿತವೇನಾದರೂ ಇದ್ದರೆ ಅದನ್ನು ಪೇಸ್ಲಿಪ್‌ನಲ್ಲಿ ತೋರಿಸಿ, ಉಳಿದ ಹಣವನ್ನು ಮೂರು ದಿನದೊಳಗೆ ನನ್ನ ಖಾತೆಗೆ ಹಾಕಬೇಕೆಂದು ಕೋರುತ್ತೇನೆ."

640ನ್ನು 8 ಗಂಟೆಯಿಂದ ಭಾಗಿಸಿದರೆ 80, ಓವರ್‌ಟೈಮ್‌ಗೆ ಅದರ ಎರಡು ಪಟ್ಟು 160. ತಿಂಗಳ ಸಂಬಳವನ್ನು ದಿನಕ್ಕೆ ಇಳಿಸುವಾಗ ನಿಮ್ಮಲ್ಲಿ 26ರಿಂದ ಭಾಗಿಸುತ್ತಾರೋ 30ರಿಂದಲೋ ಎಂದು ಹಳೆಯ ಪೇಸ್ಲಿಪ್‌ನಲ್ಲಿ ನೋಡಿಕೊಳ್ಳಿ. ಗಾರ್ಡ್‌ಗಳ ಲೆಕ್ಕ ಎಡವಟ್ಟಾಗುವುದು ಇಲ್ಲೇ. ಕಡಿತಗಳ ಮೇಲೂ ಕಣ್ಣಿರಲಿ: ಎಲ್ಲ ಕಡಿತ ಸೇರಿ ಸಂಬಳದ ಅರ್ಧ ಮೀರುವಂತಿಲ್ಲ. ಕರ್ನಾಟಕದಲ್ಲಿ ತಿಂಗಳಿಗೆ 25,000 ರೂ.ಗಿಂತ ಕಡಿಮೆ ಸಂಬಳದವರಿಗೆ 2023ರ ಏಪ್ರಿಲ್‌ನಿಂದ ವೃತ್ತಿ ತೆರಿಗೆ ಇಲ್ಲ, ಆದರೂ 200 ರೂ. ಹಿಡಿದಿದ್ದರೆ ಅದನ್ನೂ ಬಾಕಿಗೆ ಸೇರಿಸಿ.

ಪತ್ರವನ್ನು ಎರಡು ಪ್ರತಿ ತೆಗೆದುಕೊಂಡು ಹೋಗಿ, ಒಂದರ ಮೇಲೆ ಸಹಿ ಮತ್ತು ಸೀಲು ಹಾಕಿಸಿಕೊಳ್ಳಿ. ತೆಗೆದುಕೊಳ್ಳುವುದಿಲ್ಲ ಎಂದರೆ ವಾದಕ್ಕೆ ನಿಲ್ಲದೆ ಅವತ್ತೇ ಸ್ಪೀಡ್ ಪೋಸ್ಟ್ ಮಾಡಿ. ರಸೀದಿಯ ಶಾಯಿ ಬೇಗ ಮಾಸುತ್ತದೆ, ಜೆರಾಕ್ಸ್ ಮಾಡಿಸಿಡಿ. ಪತ್ರ ತಲುಪಿದ ವಿವರವನ್ನೂ ಅಂಚೆ ಇಲಾಖೆಯ ಜಾಲತಾಣದಿಂದ ಪ್ರಿಂಟ್ ತೆಗೆಸಿ.

ತಡ ಮಾಡುವುದಷ್ಟೇ ಅಲ್ಲ, ವಕ್ರವಾಗಿ ಕೊಡುವುದೂ ಉಂಟು. ಮೂರು ಸಾವಿರ ಇವತ್ತು, ಎರಡು ಸಾವಿರ ಮುಂದಿನ ವಾರ ಎಂದು ಇನ್‌ಚಾರ್ಜ್ ತನ್ನ ಫೋನ್‌ಪೇ ಇಂದ ಹಾಕುತ್ತಾನೆ. ಆಮೇಲೆ ಅದನ್ನೇ "ಅಡ್ವಾನ್ಸ್" ಎಂದು ಇನ್ನೊಮ್ಮೆ ಹಿಡಿಯುತ್ತಾರೆ. ಹಣ ಬಂದ ಕೂಡಲೇ "ಸರ್, 3,000 ರೂ. ಬಂತು, ಇದು ಜೂನ್ ಸಂಬಳದ ಭಾಗ, ಇನ್ನು 13,960 ಬಾಕಿ" ಎಂದು ಮೆಸೇಜು ಹಾಕಿ. ಅವನು ಉತ್ತರಿಸದಿದ್ದರೂ ಆ ಮೆಸೇಜು ನಿಮ್ಮ ಪರ ನಿಲ್ಲುತ್ತದೆ. ಚೆಕ್ ಕೊಟ್ಟರೆ ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಬೇಕು. ಬೌನ್ಸ್ ಆದರೆ ಬ್ಯಾಂಕಿನ ಮೆಮೊ ಕೈಗೆ ಬಂದ 30 ದಿನದೊಳಗೆ ಲಿಖಿತ ನೋಟಿಸ್ ಕೊಡಬೇಕು. ನೋಟಿಸ್ ತಲುಪಿದ 15 ದಿನದಲ್ಲಿ ಹಣ ಬರದಿದ್ದರೆ ಆಮೇಲಿನ ಒಂದು ತಿಂಗಳೊಳಗೆ ಕೋರ್ಟಿನಲ್ಲಿ ದೂರು. ಒಂದು ಗಡುವು ತಪ್ಪಿದರೂ ಕೇಸು ನಿಲ್ಲುವುದು ಕಷ್ಟ, ಆದ್ದರಿಂದ ಚೆಕ್ಕಿನ ವಿಷಯಕ್ಕೆ ಮೊದಲ ದಿನವೇ ವಕೀಲರನ್ನು ಕಾಣಿ.

ಮನೆಯ ಕಡೆ, ಇಎಂಐ ತಾರೀಖು 5 ಇದ್ದರೆ ಅದನ್ನು 12 ಅಥವಾ 15ಕ್ಕೆ ಬದಲಿಸಿಕೊಡಿ ಎಂದು ಸಾಲ ಕೊಟ್ಟವರನ್ನು ಬರಹದಲ್ಲಿ ಕೇಳಿ. ಒಮ್ಮೆ ಬೌನ್ಸ್ ಆದರೆ ಸಾಲದವರೂ ದಂಡ ಹಾಕುತ್ತಾರೆ, ಬ್ಯಾಂಕೂ ಹಾಕುತ್ತದೆ. ಆ ದಂಡದ ಚೀಟಿಗಳನ್ನು ಎಸೆಯಬೇಡಿ, ಪರಿಹಾರ ಕೇಳುವಾಗ ಬೇಕಾಗುತ್ತವೆ.

ಮೂರು ದಿನ ಕಳೆದರೂ ಉತ್ತರ ಬರದಿದ್ದರೆ ಕಾರ್ಮಿಕ ಇಲಾಖೆ. ಸಹಾಯವಾಣಿ 155214ಕ್ಕೆ ಫೋನು ಮಾಡಿ ನಿಮ್ಮ ಕೆಲಸದ ಜಾಗ ಯಾವ ಕಾರ್ಮಿಕ ನಿರೀಕ್ಷಕರ ವ್ಯಾಪ್ತಿಗೆ ಬರುತ್ತದೆ ಎಂದು ಮೊದಲೇ ತಿಳಿದುಕೊಳ್ಳಿ. ನೋಡುವುದು ಕೆಲಸದ ಜಾಗವನ್ನು, ಮನೆಯನ್ನಲ್ಲ. ಬೆಂಗಳೂರಿನಲ್ಲಿ ಎಷ್ಟೋ ಜನ ನೇರವಾಗಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋಗಿ ಅರ್ಧ ದಿನದ ಕೂಲಿ ಕಳೆದುಕೊಳ್ಳುತ್ತಾರೆ. ನಿರೀಕ್ಷಕರಿಗೆ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಅವರು ಎರಡೂ ಕಡೆಯವರನ್ನು ಕರೆಸಿದ ದಿನ ತಪ್ಪದೆ ಹೋಗಿ. ಮಾಲೀಕನ ಕಡೆಯವರು ಅಲ್ಲಿ ಕೊಡುವ ಮಾತನ್ನು ತಾರೀಖು, ಮೊತ್ತ ಸಮೇತ ಬರಹಕ್ಕಿಳಿಸಿ ಸಹಿ ಹಾಕಿಸಿ ಎಂದು ಅಧಿಕಾರಿಯನ್ನು ವಿನಂತಿಸಿ. "ಶೀಘ್ರದಲ್ಲಿ ಕೊಡುತ್ತೇವೆ" ಎಂಬ ಸಾಲಿಗೆ ಮಾತ್ರ ಸಹಿ ಹಾಕಬೇಡಿ.

ಅಲ್ಲೂ ಬಗೆಹರಿಯದಿದ್ದರೆ ವೇತನ ಸಂಹಿತೆಯ 45ನೇ ಸೆಕ್ಷನ್ ಅಡಿ, ಇಂಥ ಕ್ಲೇಮು ತೀರ್ಮಾನಿಸಲು ಸರ್ಕಾರ ನೇಮಿಸಿದ ಪ್ರಾಧಿಕಾರಕ್ಕೆ ಅರ್ಜಿ. ಅದನ್ನು ಕೆಲಸಗಾರರು ಅಥವಾ ನೋಂದಾಯಿತ ಸಂಘ ಹಾಕಬಹುದು. ಒಂದೇ ಸಂಸ್ಥೆಯ ಎಷ್ಟು ಜನರಿಗಾದರೂ ಒಂದೇ ಅರ್ಜಿ ಸಾಕು. ಗುಂಪಾಗಿ ಹಾಕಿ, ಒಬ್ಬರನ್ನೇ ಗುರಿ ಮಾಡುವುದು ಆಗ ಕಷ್ಟ. ಪ್ರತಿಯೊಬ್ಬರ ಹೆಸರು, ದಿನ, ದರ, ಬಾಕಿ ಇರುವ ಪಟ್ಟಿ ಲಗತ್ತಿಸಿ. ಗಡುವು ಮೂರು ವರ್ಷ. ಹಳೆಯ ಕಾಯ್ದೆಯಲ್ಲಿ ಹನ್ನೆರಡೇ ತಿಂಗಳಿತ್ತು. ಆದ್ದರಿಂದ ಸಂಹಿತೆ ಜಾರಿಗೆ ಬರುವ ಮುಂಚಿನ ಬಾಕಿಯಿದ್ದರೆ ಒಂದು ದಿನವೂ ಕಾಯಬೇಡಿ. ಬಾಕಿಯ ಜೊತೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರ ಪ್ರಾಧಿಕಾರಕ್ಕಿದೆ. ಹತ್ತು ಪಟ್ಟು ಸಿಗುತ್ತದೆಂದು ನಾನು ಯಾರಿಗೂ ಆಸೆ ಹುಟ್ಟಿಸುವುದಿಲ್ಲ, ಆದರೆ ಅರ್ಜಿಯಲ್ಲಿ ಕೇಳದೆ ಬಿಡುವುದಿಲ್ಲ. 59ನೇ ಸೆಕ್ಷನ್ನನ್ನೂ ಉಲ್ಲೇಖಿಸಿ: ಸಂಬಳ ಕೊಟ್ಟಿದ್ದೇವೆಂದು ರುಜುವಾತು ಮಾಡುವ ಹೊಣೆ ಮಾಲೀಕನದು. ವಕೀಲರ ಫೀಸಿಗೆ ಹೆದರಬೇಕಿಲ್ಲ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕಾರ್ಖಾನೆ ಕಾರ್ಮಿಕರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತದೆ, ಅದರ ಸಹಾಯವಾಣಿ 15100.

ಈ ನಡುವೆ ಸಿಟ್ಟಿನಲ್ಲಿ ಎಲ್ಲರೂ ಒಟ್ಟಿಗೆ ರಜೆ ಹಾಕಿ ಕೂರಬೇಡಿ. ಅರ್ಧದಷ್ಟು ಜನ ಒಂದೇ ದಿನ ಮಾತಾಡಿಕೊಂಡು ರಜೆ ಹಾಕಿದರೆ ಹೊಸ ಕೈಗಾರಿಕಾ ಸಂಬಂಧ ಸಂಹಿತೆಯಲ್ಲಿ ಅದು ಮುಷ್ಕರ, ಮುಷ್ಕರಕ್ಕೆ 14 ದಿನ ಮುಂಚೆ ನೋಟಿಸ್ ಕೊಟ್ಟಿರಬೇಕು. 2020ರ ಡಿಸೆಂಬರ್‌ನಲ್ಲಿ ಕೋಲಾರದ ನರಸಾಪುರದ ಕಾರ್ಖಾನೆಯಲ್ಲಿ ಸಂಬಳದ ಅಸಮಾಧಾನ ದಾಂಧಲೆಗೆ ತಿರುಗಿದಾಗ ನೂರಕ್ಕೂ ಹೆಚ್ಚು ಜನರ ಬಂಧನವಾಯಿತು. ಅವರ ಸಂಬಳದ ದೂರು ನ್ಯಾಯವಾದದ್ದೇ ಆಗಿತ್ತು, ಆ ಕಾರಣಕ್ಕೇ ಅದನ್ನು ನೆನೆದರೆ ಸಂಕಟವಾಗುತ್ತದೆ.

ಕೆಲಸ ಬಿಟ್ಟವರಿಗೆ "ಫುಲ್ ಅಂಡ್ ಫೈನಲ್‌ಗೆ 45 ದಿನ", ಅಂದರೆ ಕೊನೆಯ ಲೆಕ್ಕ ಚುಕ್ತಾ ಮಾಡಲು 45 ದಿನ ಬೇಕು ಎಂದು ಹೇಳುವುದು ವಾಡಿಕೆಯಾಗಿದೆ. ರಾಜೀನಾಮೆ ಕೊಟ್ಟರೂ ತೆಗೆದುಹಾಕಿದರೂ ಎರಡು ಕೆಲಸದ ದಿನದೊಳಗೆ ಸಂಬಳ ಚುಕ್ತಾ ಆಗಬೇಕು. ಆ ಹೊತ್ತಿಗೆ ಮುಂದಿಡುವ ವೋಚರನ್ನು ಪೂರ್ತಿ ಓದಿ. ಮೊತ್ತದ ಜಾಗ ಖಾಲಿ ಇದ್ದರೆ ಸಹಿ ಬೇಡ. "ಎಲ್ಲ ಬಾಕಿ ತೀರಿದೆ" ಎಂದಿದ್ದು ಹಣ ಕಡಿಮೆಯಿದ್ದರೆ, ಸಹಿಯ ಮೇಲೆ ನಿಮ್ಮ ಕೈಯಾರೆ "9,000 ರೂ. ಮಾತ್ರ ಪಡೆದಿದ್ದೇನೆ, ಉಳಿದ ಬಾಕಿಯ ಹಕ್ಕು ಬಿಟ್ಟಿಲ್ಲ" ಎಂದು ಬರೆದು ತಾರೀಖು ಹಾಕಿ, ಫೋಟೊ ತೆಗೆದುಕೊಳ್ಳಿ.

ಆದೇಶ ಬಂದ ಮೇಲೂ ಕೊಡದವರಿದ್ದಾರೆ. ಆಗ ಕ್ಲೇಮು ತೀರ್ಮಾನಿಸಿದ ಪ್ರಾಧಿಕಾರ ವಸೂಲಾತಿ ಪ್ರಮಾಣಪತ್ರವನ್ನು ಜಿಲ್ಲಾಧಿಕಾರಿಗೆ ಕಳಿಸುತ್ತದೆ, ಭೂಕಂದಾಯದ ಬಾಕಿಯಂತೆ ವಸೂಲಾಗುತ್ತದೆ. ತಹಶೀಲ್ದಾರರ ಕಚೇರಿಯಲ್ಲಿ ಈ ಕಡತಗಳು ನಿಲ್ಲುವುದು ಯಾವ ಆಸ್ತಿಯನ್ನು ಹಿಡಿಯಬೇಕೆಂದು ಗೊತ್ತಿಲ್ಲದೆ. ಸಂಸ್ಥೆಯ ಬ್ಯಾಂಕ್ ಮತ್ತು ಶಾಖೆ, ನೋಂದಾಯಿತ ವಿಳಾಸ, ಗಾಡಿಗಳ ನಂಬರು, ಏಜೆನ್ಸಿಗೆ ಇನ್ನೂ ಬಿಲ್ ಕೊಡಬೇಕಿರುವ ಕಂಪನಿಗಳ ಹೆಸರು ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ನೀವೇ ಆ ಕಚೇರಿಗೆ ಕೊಡಿ, ಅದಕ್ಕೂ ಸ್ವೀಕೃತಿ ತೆಗೆದುಕೊಳ್ಳಿ.