ರಾತ್ರಿ ಹತ್ತರ ನಂತರದ ಶಿಬಿರ

ನಮ್ಮ ಚರ್ಚಿನ ಮಕ್ಕಳ ಬೇಸಿಗೆ ಶಿಬಿರದಲ್ಲಿ ಪುಟ್ಟವರನ್ನು ನೋಡಿಕೊಳ್ಳುವ ಅಕ್ಕ ಅಣ್ಣಂದಿರಿಗೆ ಮೊದಲ ವರ್ಷ ನಾನು ತರಬೇತಿ ಎಂದು ಕರೆದದ್ದು ಒಂದು ಶನಿವಾರದ ಎರಡು ಗಂಟೆಗಳನ್ನು. ಪ್ರಾರ್ಥನೆ, ಸೇವೆಯ ಕುರಿತು ನನ್ನದೊಂದು ಉದ್ದನೆಯ ಮಾತು, ಅಭಿನಯ ಗೀತೆಗಳ ಅಭ್ಯಾಸ, ಕೊನೆಗೆ ಚಹಾ ಮತ್ತು ಬನ್ಸ್. ಹನ್ನೆರಡು ಮಂದಿ ಹುಡುಗ ಹುಡುಗಿಯರು ಬಂದಿದ್ದರು. ಎಲ್ಲರೂ ನಮ್ಮ ಸಂಡೇ ಸ್ಕೂಲಿನಲ್ಲೇ ಬೆಳೆದವರು, ಹತ್ತನೆಯ ತರಗತಿಯದೋ ಪಿಯುಸಿಯದೋ ಪರೀಕ್ಷೆ ಮುಗಿಸಿ ನಿರಾಳವಾಗಿದ್ದವರು. ಶಿಬಿರದ ಎರಡನೆಯ ರಾತ್ರಿ ಕರೆಂಟ್ ಹೋಯಿತು. ಹುಡುಗಿಯರ ಕೋಣೆಯಿಂದ ಅಳು ಕೇಳಿ ಟಾರ್ಚ್ ಹಿಡಿದು ಓಡಿದೆ. ಒಂಬತ್ತು ವರ್ಷದ ಮಗುವೊಂದು ಅಮ್ಮ ಬೇಕೆಂದು ಅಳುತ್ತಿತ್ತು. ಅದನ್ನು ನೋಡಿಕೊಳ್ಳಬೇಕಾದ ಮೂವರು ಅಕ್ಕಂದಿರಲ್ಲಿ ಒಬ್ಬಳು ಚಪ್ಪಾಳೆ ತಟ್ಟುತ್ತ ಹಾಡು ಹೇಳುತ್ತಿದ್ದಳು. ಉಳಿದಿಬ್ಬರು ಮಗುವಿಗಿಂತ ಜೋರಾಗಿ ಅಳುತ್ತಿದ್ದರು. ವಿಚಾರಿಸಿದರೆ, ಅವರಿಬ್ಬರೂ ಮನೆ ಬಿಟ್ಟು ಬೇರೆಡೆ ಮಲಗಿದ್ದು ಅದೇ ಮೊದಲು.

ಮೂವರನ್ನೂ ಮಲಗಿಸಿ ನಾನು ಚಾಪೆಗೆ ಬಂದಾಗ ಒಂದೂವರೆ. ನನ್ನ ಭಾಷಣದಲ್ಲಿ ಈ ರಾತ್ರಿಯ ಬಗ್ಗೆ ಒಂದು ಮಾತೂ ಇರಲಿಲ್ಲವಲ್ಲ ಎಂದು ಆಗ ಹೊಳೆಯಿತು.

ನಮ್ಮದು ಕರಾವಳಿಯ ಒಂದು ಕ್ರೈಸ್ತ ಸಭೆ. ಏಪ್ರಿಲ್‌ನಲ್ಲಿ ಊರಿನಲ್ಲೇ ವಿ.ಬಿ.ಎಸ್., ಅಂದರೆ ರಜೆಯ ಬೈಬಲ್ ಶಾಲೆ ನಡೆಯುತ್ತದೆ, ಅದರ ಮಕ್ಕಳು ಬೆಳಗ್ಗೆ ಬಂದು ಮಧ್ಯಾಹ್ನ ಮನೆಗೆ ಹೋಗುತ್ತಾರೆ. ಮೇ ತಿಂಗಳ ಶಿಬಿರವೇ ಬೇರೆ. ಎಂಟರಿಂದ ಹನ್ನೆರಡು ವರ್ಷದ ಸುಮಾರು ಎಪ್ಪತ್ತು ಮಕ್ಕಳನ್ನು ಕರೆದುಕೊಂಡು ಆಗುಂಬೆ ಘಟ್ಟ ಹತ್ತಿ, ರಜೆಯಲ್ಲಿ ಖಾಲಿಯಿರುವ ಒಂದು ಶಾಲೆಯ ಹಾಸ್ಟೆಲ್‌ನಲ್ಲಿ ಐದು ದಿನ ಇರುತ್ತೇವೆ. ಹಗಲಿನ ಕಾರ್ಯಕ್ರಮಕ್ಕೆ ದೊಡ್ಡವರು ಸಾಕಷ್ಟಿದ್ದಾರೆ. ಊಟದ ಸಾಲು, ಸ್ನಾನದ ಸಾಲು, ಕಳೆದುಹೋದ ಚಪ್ಪಲಿ, ನಡುರಾತ್ರಿಯ ಭಯ ಇವೆಲ್ಲ ಬರುವುದು ಹದಿನಾರು ಹದಿನೇಳರ ಅಕ್ಕ ಅಣ್ಣಂದಿರ ಪಾಲಿಗೆ.

ಎರಡನೆಯ ವರ್ಷದಿಂದ ತಯಾರಿಯನ್ನು ಈಸ್ಟರ್ ನಂತರದ ಮೂರು ಆದಿತ್ಯವಾರಗಳಿಗೆ ಹರಡಿದೆ. ಅದಕ್ಕೂ ಮುಂಚೆ ಪರೀಕ್ಷೆಯ ಕಾಟ, ಯಾರನ್ನೂ ಕರೆಯುವಂತಿಲ್ಲ. ಕೊನೆಯದಾಗಿ ಒಂದು ರಾತ್ರಿಯ ಅಭ್ಯಾಸ: ಹುಡುಗರು ಸಭೆಯ ಹಾಲ್‌ನಲ್ಲಿ, ಹುಡುಗಿಯರು ಸಭಾಪಾಲಕರ (ಪಾಸ್ಟರ್) ಮನೆಯಲ್ಲಿ, ಎಲ್ಲರೂ ಚಾಪೆ ಹಾಸಿ ಮಲಗಬೇಕು. ಹಿರಿಯರೊಬ್ಬರು ಇದಕ್ಕೆ ಒಪ್ಪಲಿಲ್ಲ. ದೇವರ ಆಲಯದ ಹಾಲ್ ಎಂದರೆ ಧರ್ಮಶಾಲೆಯೇ? ಎಂದರು. 1898ರಲ್ಲಿ ನ್ಯೂಯಾರ್ಕಿನ ಒಬ್ಬ ಹೆಂಗಸು ಬೀದಿ ಸುತ್ತುವ ಮಕ್ಕಳಿಗೆಂದು ಬೇಸಿಗೆಯ ಬೈಬಲ್ ಶಾಲೆ ತೆರೆದದ್ದು ಬಾಡಿಗೆಗೆ ಹಿಡಿದ ಬಿಯರ್ ಅಂಗಡಿಯಲ್ಲಿ, ನಮ್ಮ ವಿ.ಬಿ.ಎಸ್.ನ ಮೂಲವೇ ಅದು ಎಂದು ನಾನು ಹೇಳಿದೆ. ಅವರು ಒಪ್ಪಿದರೋ ಸುಮ್ಮನಾದರೋ ಗೊತ್ತಿಲ್ಲ, ಹಾಲ್‌ನ ಬೀಗದ ಕೈ ಸಿಕ್ಕಿತು.

ಆ ರಾತ್ರಿ ಹುಡುಗಿಯರ ಕಡೆ ನಾನು, ಹುಡುಗರ ಕಡೆ ನನ್ನ ಜೊತೆಯ ಶಿಕ್ಷಕರೊಬ್ಬರು, ಮಗುವಿನ ಪಾತ್ರ ಹಾಕುತ್ತೇವೆ. ಹನ್ನೊಂದು ಗಂಟೆಗೆ ಎದ್ದು ಕುಳಿತು ಅಮ್ಮ ಬೇಕು ಎನ್ನುತ್ತೇನೆ. ಮೊದಲು ನಗು. ನಾನು ನಿಲ್ಲಿಸದೆ ಹತ್ತು ನಿಮಿಷ ಅದನ್ನೇ ಹೇಳಿದರೆ ನಗು ತಾನಾಗಿ ನಿಲ್ಲುತ್ತದೆ. ‘ಅಳಬೇಡ, ನೀನು ದೊಡ್ಡವಳಲ್ಲವಾ’ ಎನ್ನುತ್ತಾರೆ. ನಾನು ಇನ್ನೂ ಜೋರು ಮಾಡುತ್ತೇನೆ. ‘ನಾಳೆ ಅಮ್ಮ ಬರುತ್ತಾರೆ’ ಎನ್ನುತ್ತಾರೆ, ‘ಎಷ್ಟು ಗಂಟೆಗೆ?’ ಎಂದು ಕೇಳುತ್ತೇನೆ. ಹೀಗೆ ಸುಳ್ಳು ಸಿಕ್ಕಿಬಿದ್ದ ಮೇಲೆ ಯಾರಾದರೊಬ್ಬರಿಗೆ ದಾರಿ ಹೊಳೆಯುತ್ತದೆ. ಒಂದು ವರ್ಷ ತುಂಬ ಸಂಕೋಚದ ಹುಡುಗಿಯೊಬ್ಬಳು ಪಕ್ಕದಲ್ಲಿ ಕುಳಿತು, ‘ನಿಮ್ಮ ಮನೆಯಲ್ಲಿ ನಾಯಿ ಉಂಟಾ?’ ಎಂದು ಕೇಳಿದಳು. ಉಂಟು ಎಂದೆ. ಹೆಸರು ಕೇಳಿದಳು, ಅದು ಎಲ್ಲಿ ಮಲಗುತ್ತದೆ ಎಂದು ಕೇಳಿದಳು. ನಾನು ನಾಟಕ ಮರೆತು ನಿಜವಾಗಿಯೂ ನಮ್ಮ ನಾಯಿಯ ವಿಷಯ ಹೇಳತೊಡಗಿದ್ದೆ.

ಹಾಸಿಗೆ ಒದ್ದೆಯಾಗುವುದರ ಅಭ್ಯಾಸವೂ ಅಂದೇ. ಚಾಪೆಯ ಮೇಲೆ ಅರ್ಧ ಲೋಟ ನೀರು ಸುರಿದು, ಅಕ್ಕಪಕ್ಕದವರಿಗೆ ಎಚ್ಚರವಾಗದಂತೆ ಬದಲಿಸಿ ಎನ್ನುತ್ತೇನೆ. ಟಾರ್ಚ್ ಮುಖಕ್ಕೆ ಬಿಡುವಂತಿಲ್ಲ. ಒಬ್ಬರೇ ಮಾಡುವಂತಿಲ್ಲ, ಬಾಗಿಲ ಬಳಿಯ ದೊಡ್ಡವರನ್ನು ಎಬ್ಬಿಸಲೇಬೇಕು. ಮಗು ತಾನೇ ಬಟ್ಟೆ ಬದಲಿಸಿಕೊಂಡು ಬರುವಷ್ಟರಲ್ಲಿ ಒಣ ಚಾಪೆ, ಒಣ ಚಾದರ ಹಾಸಿರಬೇಕು, ಒದ್ದೆಯದು ಸೋಪಿನ ನೀರಿನ ಬಕೆಟ್ ಸೇರಿರಬೇಕು. ಬೆಳಗ್ಗೆ ಆ ಮಾತು ಯಾರ ಬಾಯಲ್ಲೂ ಬರಬಾರದು, ನಮ್ಮ ಸಂಜೆಯ ಸಭೆಯಲ್ಲೂ ಬರಬಾರದು. ಗಿಟಾರ್ ನುಡಿಸಲು ಬಂದ ಹುಡುಗರು ಈ ಅಭ್ಯಾಸದ ಹೊತ್ತಿಗೆ ಮುಖ ಸಣ್ಣದು ಮಾಡುತ್ತಾರೆ. ಮಾಡಲಿ. ಶಿಬಿರದಲ್ಲಿ ಐದು ರಾತ್ರಿಗೆ ನಾಲ್ಕು ಸಲವಾದರೂ ಇದರ ಅಗತ್ಯ ಬೀಳುತ್ತದೆ, ಗಿಟಾರ್‌ಗೆ ನಮ್ಮಲ್ಲಿ ಬೇರೆಯವರಿದ್ದಾರೆ.

ಆರಂಭದ ಎರಡು ವರ್ಷ ನಾನು ಯೇಸು ಶಿಷ್ಯರ ಕಾಲು ತೊಳೆದ, ಯೋಹಾನನ ಸುವಾರ್ತೆಯ ಹದಿಮೂರನೆಯ ಅಧ್ಯಾಯ ಓದಿಸಿ, ಒಬ್ಬರ ಕಾಲನ್ನು ಒಬ್ಬರು ತೊಳೆಯುವ ಕಾರ್ಯಕ್ರಮ ಇಟ್ಟಿದ್ದೆ. ಮೊಂಬತ್ತಿ, ಮೆಲುದನಿಯ ಹಾಡು, ಎಲ್ಲರ ಕಣ್ಣಲ್ಲೂ ನೀರು. ಮರುದಿನ ಊಟವಾದ ಮೇಲೆ ಪಾತ್ರೆಗಳು ತೊಟ್ಟಿಯಲ್ಲಿ ಹಾಗೇ ಇದ್ದವು. ಈಗ ಆ ಕಾರ್ಯಕ್ರಮ ಇಲ್ಲ. ಎರಡನೆಯ ಆದಿತ್ಯವಾರ ಸಭೆಯ ಪ್ರೀತಿಭೋಜನದ ಪಾತ್ರೆಗಳನ್ನು ಇವರೇ ತೊಳೆಯುತ್ತಾರೆ. ಗಂಜಿಯ ದೊಡ್ಡ ಹಂಡೆಯ ತಳ ಉಜ್ಜಲು ಎಷ್ಟು ಹೊತ್ತು ಬೇಕೆಂದು ತಿಳಿದವರು ಶಿಬಿರದಲ್ಲಿ ಅಡುಗೆಯವರೊಂದಿಗೆ ಬೇರೆಯೇ ರೀತಿ ಮಾತನಾಡುತ್ತಾರೆ.

ಕಥೆ ಹೇಳುವುದನ್ನು ಕಲಿಸುವುದು ನನಗೆ ಅತಿ ಇಷ್ಟದ ಕೆಲಸ. ಹದಿನಾರರ ಹುಡುಗನ ಕೈಗೆ ಒಂದು ಕಥೆ ಕೊಟ್ಟರೆ ಎರಡೇ ನಿಮಿಷದಲ್ಲಿ ಅವನು ಪಾಲಕರ ಧ್ವನಿಯಲ್ಲಿ ಪ್ರಸಂಗ ಮಾಡತೊಡಗುತ್ತಾನೆ. ಒಬ್ಬ ಹುಡುಗ ಕೊಟ್ಟ ಐದು ರೊಟ್ಟಿ ಎರಡು ಮೀನಿನಿಂದ ಯೇಸು ಸಾವಿರಾರು ಜನರಿಗೆ ಉಣಿಸಿದ ಕಥೆಯನ್ನು ಒಬ್ಬ ಹೀಗೆ ಗಂಭೀರವಾಗಿ ಹೇಳುತ್ತಿದ್ದಾಗ ಮುಂದೆ ಕುಳಿತ ಪುಟ್ಟವನೊಬ್ಬ, ‘ಅಣ್ಣಾ, ಅದು ಬೂತಾಯಿಯಾ, ಬಂಗುಡೆಯಾ?’ ಎಂದ. ಅಣ್ಣ ಗದರಿಸಿ ಕುಳ್ಳಿರಿಸಿದ. ಕಥೆ ಅಲ್ಲಿಗೇ ಸತ್ತಿತು. ಮುಂದಿನ ವರ್ಷದ ತಯಾರಿಯಲ್ಲಿ ಅದೇ ಪ್ರಶ್ನೆಯನ್ನು ನಾನು ಎಲ್ಲರಿಗೂ ಕೇಳಿದೆ. ಒಬ್ಬಳು ಕ್ಷಣವೂ ಯೋಚಿಸದೆ, ‘ಚಿಕ್ಕ ಮೀನು, ನಮ್ಮ ಬೂತಾಯಿಯಷ್ಟೇ ಇರಬೇಕು. ಅಷ್ಟು ಸಣ್ಣದನ್ನು ಕೊಡಲು ಆ ಹುಡುಗನಿಗೆ ನಾಚಿಕೆಯಾಗಿರಬಹುದು’ ಎಂದಳು. ನಲವತ್ತು ವರ್ಷದಿಂದ ಕೇಳುತ್ತಿರುವ ಕಥೆಯಲ್ಲಿ ಆ ನಾಚಿಕೆಯನ್ನು ನಾನು ಯೋಚಿಸಿಯೇ ಇರಲಿಲ್ಲ. ಕಥೆ ಏಳು ನಿಮಿಷ ಮೀರಬಾರದು, ಕೊನೆಗೆ ನೀತಿ ಹೇಳಬಾರದು, ಮಕ್ಕಳ ಪ್ರಶ್ನೆ ಬಂದರೆ ಕಥೆಯೇ ನಿಂತು ಉತ್ತರಿಸಬೇಕು. ನಾನು ಕಲಿಸುವುದು ಇಷ್ಟೇ.

ಎಣಿಕೆಯ ಪಾಠ ಕಲಿತದ್ದು ಪೆಟ್ಟು ತಿಂದು. ಒಂದು ಸಂಜೆ ಆಟದ ಬಯಲಿನಿಂದ ಮಕ್ಕಳನ್ನು ಒಳಗೆ ತಂದ ಮೇಲೆ ಗುಂಪಿನ ಅಕ್ಕ ಹತ್ತಕ್ಕೆ ಹತ್ತು ಎಂದಳು. ಹತ್ತು ತಲೆ ಇದ್ದದ್ದು ನಿಜ, ಆದರೆ ಒಂದು ಪಕ್ಕದ ಗುಂಪಿನದು. ಅವಳ ಗುಂಪಿನ ಒಬ್ಬ ಬಾವಿಯ ಬಳಿ ಒಬ್ಬನೇ ನಿಂತು ಕಲ್ಲು ಹಾಕಿ ಸದ್ದು ಕೇಳುತ್ತಿದ್ದ. ಅಲ್ಲಿಂದ ಮುಂದೆ ತಲೆ ಎಣಿಸುವುದು ನಿಂತಿತು. ಹೆಸರು ಕೂಗಿ, ಮುಖ ನೋಡಿ, ಚೀಟಿಯಲ್ಲಿ ಗುರುತು ಹಾಕಬೇಕು. ಊಟಕ್ಕೆ ಮುಂಚೆ, ಆಟದ ನಂತರ, ಮಲಗುವಾಗ, ಗುಡುಗು ಕೇಳಿದಾಗ. ಮೇ ತಿಂಗಳ ಸಂಜೆ ಘಟ್ಟದ ಮೇಲೆ ಸಿಡಿಲು ಹೇಳಿ ಕೇಳಿ ಬರುವುದಿಲ್ಲ. ಮೊದಲ ಗುಡುಗಿಗೇ ಆಟ ಬಿಟ್ಟು ಕಟ್ಟಡದೊಳಗೆ ಬರಬೇಕು, ಮರದಡಿ ನಿಲ್ಲಬಾರದು ಎಂಬುದನ್ನು ಸಭೆಯ ಅಂಗಳದಲ್ಲಿ ಓಡಿಸಿಯೇ ಅಭ್ಯಾಸ ಮಾಡಿಸುತ್ತೇನೆ.

ಕಾಡಿನ ನಡಿಗೆ ಬೇಕೆಂದು ಪ್ರತಿ ವರ್ಷ ಅರ್ಜಿ ಬರುತ್ತದೆ, ಮಕ್ಕಳಿಂದಲ್ಲ, ಇವರಿಂದ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆ ಇನ್ನೂ ಮಲೆನಾಡನ್ನು ಬಿಟ್ಟುಹೋಗಿಲ್ಲ, ಅದನ್ನು ಹರಡುವ ಉಣುಗುಗಳ ಕಾಟ ಬೇಸಿಗೆಯಲ್ಲೇ ಇರುತ್ತದೆ. ಆದ್ದರಿಂದ ನಡಿಗೆ ಇಲ್ಲ, ತರಗೆಲೆಯ ಮೇಲೆ ಕೂರುವುದಿಲ್ಲ. ಔಷಧಿಯ ವಿಷಯದಲ್ಲೂ ಹೀಗೆಯೇ ಒಂದೇ ಮಾತು: ತಲೆನೋವಿನ ಮಾತ್ರೆಯಾದರೂ ನರ್ಸ್ ಕೈಯಿಂದಲೇ. ಓಆರ್‌ಎಸ್ ಮಾತ್ರ ಬೆರೆಸಲು ಕಲಿಸುತ್ತೇನೆ, ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರ್ ನೀರಿಗೆ. ಅಂದಾಜಿನ ಮೇಲೆ ಒಂದು ಚಮಚ ಒಂದು ಲೋಟಕ್ಕೆ ಹಾಕುವ ಜಾಣರು ಪ್ರತಿ ತಂಡದಲ್ಲೂ ಒಬ್ಬರಿರುತ್ತಾರೆ.

ಮೂರನೆಯ ಆದಿತ್ಯವಾರದ ನಲವತ್ತು ನಿಮಿಷ ಮಾತ್ರ ನಗುವಿಲ್ಲದ್ದು. ಕೆಲವು ವರ್ಷಗಳ ಹಿಂದೆ ಒಂದು ಮಗು ತನ್ನ ಗುಂಪಿನ ಅಕ್ಕನಿಗೆ, ಯಾರಿಗೂ ಹೇಳಬಾರದೆಂದು ಆಣೆ ಹಾಕಿಸಿಕೊಂಡು, ಮನೆಯ ಬಳಿಯ ಒಬ್ಬನ ವಿಷಯ ಹೇಳಿತ್ತು. ಅಕ್ಕನಿಗೆ ಹದಿನಾರು. ಮಾತು ಕೊಟ್ಟೆನಲ್ಲ ಎಂದು ಅವಳು ಎರಡು ದಿನ ಅದನ್ನು ಒಳಗೇ ಇಟ್ಟುಕೊಂಡಳು, ಸರಿಯಾಗಿ ಊಟ ಮಾಡಲಿಲ್ಲ. ಬಿಸಿಲಿನ ಆಯಾಸವೆಂದು ನಾನು ನೀರುಮಜ್ಜಿಗೆ ಕುಡಿಸಿದೆ! ನಾಲ್ಕನೆಯ ದಿನ ತಡೆಯಲಾರದೆ ಹೇಳಿದಳು. ಕಾನೂನಿನ ಪ್ರಕಾರ ಆಗಬೇಕಾದದ್ದು ಆಯಿತು. ಅದಕ್ಕಿಂತ ಹೆಚ್ಚು ಬರೆಯುವುದಿಲ್ಲ. ಆದರೆ ಆ ಎರಡು ದಿನಗಳ ಹೊರೆ ನಾನು ಅವಳ ತಲೆಯ ಮೇಲೆ ಇಟ್ಟದ್ದು, ಏನು ಮಾಡಬೇಕೆಂದು ಹೇಳಿಕೊಡದೆ ಇಟ್ಟದ್ದು.

ಈಗ ಎಲ್ಲರಿಗೂ ಒಂದು ವಾಕ್ಯ ಬಾಯಿಪಾಠ ಮಾಡಿಸುತ್ತೇನೆ, ಸತ್ಯವೇದದ ವಾಕ್ಯದಷ್ಟೇ ಕಟ್ಟುನಿಟ್ಟಾಗಿ: ‘ಗುಟ್ಟಾಗಿ ಇಡುತ್ತೇನೆ ಎಂದು ಮಾತು ಕೊಡಲಾರೆ, ನಿನಗೆ ಸಹಾಯ ಮಾಡಬಲ್ಲವರಿಗೆ ಮಾತ್ರ ಹೇಳುತ್ತೇನೆ.’ ಹೇಳಿದ ಮೇಲೆ ಕೇಳಿಸಿಕೊಳ್ಳಬೇಕು, ಕೆದಕಬಾರದು, ಅದೇ ಗಂಟೆಯಲ್ಲಿ ನನ್ನ ಬಳಿಯೋ ಜೊತೆಯ ಶಿಕ್ಷಕರ ಬಳಿಯೋ ಬರಬೇಕು. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳನ್ನು ತಡೆಯುವ 2012ರ ಪೋಕ್ಸೊ ಕಾಯ್ದೆಯಂತೆ ಇಂಥದ್ದು ತಿಳಿದೂ ವರದಿ ಮಾಡದ ದೊಡ್ಡವರಿಗೆ ಶಿಕ್ಷೆಯಿದೆ, ಹದಿನೆಂಟು ತುಂಬದವರಿಗೆ ಆ ಶಿಕ್ಷೆ ಇಲ್ಲ ಎಂಬುದನ್ನೂ ಬಿಡಿಸಿ ಹೇಳುತ್ತೇನೆ. ಕಾನೂನಿನ ಕಣ್ಣಿಗೆ ನೀವೂ ಮಕ್ಕಳೇ ಎಂದಾಗ ಕೆಲವರಿಗೆ ಸಿಟ್ಟು ಬರುತ್ತದೆ, ಹೆಚ್ಚಿನವರಿಗೆ ಸಮಾಧಾನ. ಅವರದೇ ಮನೆಯಲ್ಲೋ ಶಾಲೆಯಲ್ಲೋ ಏನಾದರೂ ಇದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು ಎಂದು ಹಲಗೆಯ ಮೇಲೆ ಬರೆದು, ಚರ್ಚೆಯಿಲ್ಲದೆ ಹಾಗೇ ಬಿಡುತ್ತೇನೆ. ಶಿಬಿರದಲ್ಲಿ ಯಾವ ಮಗುವಿನ ಜೊತೆಗೂ ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಬಾರದು, ಮಕ್ಕಳ ಫೋಟೊ ತೆಗೆಯಬಾರದು. ಮೊಬೈಲ್‌ಗಳು ಒಂದು ಸ್ಟೀಲ್ ಡಬ್ಬಿಯಲ್ಲಿ, ಮಧ್ಯಾಹ್ನ ಅರ್ಧ ಗಂಟೆ ಮಾತ್ರ ಹೊರಗೆ. ಪೋಕ್ಸೊ ಕೇಳಿ ಅಲುಗದವರು ಈ ಡಬ್ಬಿ ನೋಡಿ ನಡುಗುತ್ತಾರೆ.

ನಂಬಿಕೆಯ ವಿಷಯದಲ್ಲಿ ನನ್ನೊಂದಿಗೆ ಒಪ್ಪದವರು ನಮ್ಮ ಸಭೆಯಲ್ಲೇ ಇದ್ದಾರೆ. ರಾತ್ರಿ ಅಳುವ ಮಗುವನ್ನು ಕೂರಿಸಿಕೊಂಡು ‘ಈಗಲೇ ಯೇಸುವಿಗೆ ನಿನ್ನನ್ನು ಒಪ್ಪಿಸು’ ಎಂದು ಒತ್ತಾಯಿಸಲು ನಾನು ಯಾರನ್ನೂ ಬಿಡುವುದಿಲ್ಲ. ಎಂಟು ವರ್ಷದ ಮಗು ನಿದ್ದೆಗಣ್ಣಿನಲ್ಲಿ ಅಕ್ಕನನ್ನು ಮೆಚ್ಚಿಸಲು ಏನನ್ನಾದರೂ ಒಪ್ಪುತ್ತದೆ. ನೆರೆಮನೆಯ ಹಿಂದೂ ಮಕ್ಕಳೂ ಗೆಳೆಯರ ಜೊತೆ ಬರುತ್ತಾರೆ. ಬೈಬಲ್ ಕಥೆ, ಪ್ರಾರ್ಥನೆ ಇರುತ್ತದೆ ಎಂದು ಅರ್ಜಿಯಲ್ಲೇ ದಪ್ಪಕ್ಷರದಲ್ಲಿ ಬರೆದು ತಂದೆ ತಾಯಿಯ ಸಹಿ ಪಡೆಯುತ್ತೇವೆ. ಆ ಮಕ್ಕಳು ಕೈಮುಗಿಯದೆ ಸುಮ್ಮನೆ ಕುಳಿತರೆ ಯಾರೂ ಮೊಣಕೈಯಿಂದ ತಿವಿಯಬಾರದು. ಪ್ರಾರ್ಥನೆ ಮಾಡಬೇಕೆಂದು ಮಗುವೇ ಕೇಳಿದರೆ ಮಾಡಿ, ಚಿಕ್ಕದಾಗಿ ಮಾಡಿ ಎನ್ನುತ್ತೇನೆ.

ಶಿಬಿರದ ದಿನ ಇವರ ಮೊದಲ ಪರೀಕ್ಷೆ ಘಟ್ಟದಲ್ಲೇ. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಮಿನಿ ಬಸ್ ತಿರುಗಿದಂತೆಲ್ಲ ಮಕ್ಕಳ ಹೊಟ್ಟೆಯೂ ತಿರುಗುತ್ತದೆ. ಮೂಸಲು ನಿಂಬೆಹಣ್ಣು, ಪ್ಲಾಸ್ಟಿಕ್ ಚೀಲ, ಹಳೆಯ ಟವೆಲ್ ಪ್ರತಿಯೊಬ್ಬರ ಕೈಯಲ್ಲೂ ಇರುತ್ತವೆ. ಕಳೆದ ವರ್ಷ ಏಳನೆಯ ತಿರುವಿನಲ್ಲಿ ಒಬ್ಬ ಅಣ್ಣನೇ ವಾಂತಿ ಮಾಡಿಕೊಂಡ. ಚೀಲ ಹಿಡಿದು ನಿಂತದ್ದು ಅವನ ಗುಂಪಿನ ಒಂಬತ್ತು ವರ್ಷದ ಹುಡುಗ.

ಹತ್ತೂವರೆಗೆ ಇವರೂ ಮಲಗಲೇಬೇಕು, ಕಾವಲು ದೊಡ್ಡವರದು. ಒಮ್ಮೆ ಇದನ್ನು ಸಡಿಲಿಸಿದ್ದೆ. ಎರಡು ರಾತ್ರಿ ಹರಟೆ ಹೊಡೆದು ನಿದ್ದೆಗೆಟ್ಟ ಹದಿನೇಳರ ಹುಡುಗ ಮೂರನೆಯ ದಿನ ಒಂದು ಮಗುವಿನ ತಲೆಗೆ ಮೊಟಕಿದ. ತಾನು ಹಾಗೆಯೇ ಮೊಟಕಿಸಿಕೊಂಡು ಬೆಳೆದವನು, ಅದರಲ್ಲಿ ತಪ್ಪೇನು ಎಂದು ಅವನಿಗೆ ನಿಜವಾಗಿಯೂ ತಿಳಿಯಲಿಲ್ಲ. ಮಗುವಿನ ಮನೆಗೆ ಫೋನ್ ಮಾಡಿ ನಾನೇ ಕ್ಷಮೆ ಕೇಳಿದೆ, ಅವನನ್ನು ಗುಂಪಿನಿಂದ ತೆಗೆದು ಅಡುಗೆಮನೆಗೆ ಹಾಕಿದೆ. ಮನೆಗೇ ಕಳುಹಿಸಬೇಕಿತ್ತು ಎಂದು ಜೊತೆಯವರು ಈಗಲೂ ಹೇಳುತ್ತಾರೆ. ಮುಂದಿನ ವರ್ಷ ಅವನು ಬಂದು, ಅಡುಗೆಮನೆಯನ್ನೇ ಕೊಡಿ ಎಂದ.

ಶಿಬಿರ ಮುಗಿದು ಎರಡು ವಾರಕ್ಕೆ ಎಲ್ಲರನ್ನೂ ಕೂಡಿಸಿ ದೂರು ಹೇಳಿ ಎನ್ನುತ್ತೇನೆ. ಕಳೆದ ಸಲ ಹೆಚ್ಚಿನವರ ದೂರು ಒಂದೇ ಆಗಿತ್ತು: ಮಕ್ಕಳಿಗೆ ಬಡಿಸಿ ತಾವು ಕೂರುವ ಹೊತ್ತಿಗೆ ಸಾರು ಮುಗಿದಿರುತ್ತದೆ, ಐದು ದಿನವೂ ಗಂಜಿಗೆ ಉಪ್ಪಿನಕಾಯಿಯೇ ಗತಿ. ಈ ವರ್ಷ ಹದಿನಾಲ್ಕು ಮಂದಿಗೆ ಬೇರೆ ಪಾತ್ರೆಯಲ್ಲಿ ಸಾರು ತೆಗೆದಿಟ್ಟು ಮುಚ್ಚಿಡಬೇಕೆಂದು ಅಡುಗೆಮನೆಯ ಆ ಹುಡುಗನಿಗೇ ಹೇಳಿದ್ದೇನೆ.